ಗಡಿಯಲ್ಲಿ ನಿಲ್ಲದ ವ್ಯಾನು

ಶಾರ್ಲೆಟ್ ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನೀಲಗಂಗಾ ತಮ್ಮ ಕೈಚೀಲವನ್ನು ಮತ್ತೊಮ್ಮೆ ಕೊಡವಿದರು. ಓದುವ ಕನ್ನಡಕ ಬಿತ್ತು. ಶೇಂಗಾ ಚಟ್ನಿಪುಡಿಯ ಡಬ್ಬಿ ಬಿತ್ತು. ಪಾಸ್‌ಪೋರ್ಟ್ ಬೀಳಲಿಲ್ಲ.

"ಬಂದರದಾಗ ಇತ್ರೀ," ಎಂದರು. "ನನ್ನ ಕೈಯಾರೆ ಇದರಾಗ ಇಟ್ಟೀನಿ."

ಕೌಂಟರಿನ ಹುಡುಗಿ ಬೇರೆ ಗುರುತಿನ ಚೀಟಿ ಕೇಳಿದಳು. ಹುಬ್ಬಳ್ಳಿಯಿಂದ ಬಂದ ವಚನ ಗಾಯಕಿಯ ಹತ್ತಿರ ಅಮೆರಿಕದಲ್ಲಿ ಬೇರೆ ಏನಿರುತ್ತದೆ? ಹುಡುಗಿ ಆಗದೆಂದು ತಲೆಯಾಡಿಸಿ ಸಾಲಿನಲ್ಲಿದ್ದ ಮುಂದಿನವರನ್ನು ಕರೆದಳು.

2014ರ ಅಕ್ಟೋಬರ್. ದೀಪಾವಳಿಯ ಹಿಂದಿನ ಶನಿವಾರ. ನೀಲಗಂಗಾರನ್ನು ಕರೆಸಿದ್ದು ಶಾರ್ಲೆಟ್‌ನ ಕನ್ನಡ ಸಂಘ. ರಾಜ್ಯೋತ್ಸವಕ್ಕೆ ಅವರು ಇಲ್ಲಿ ಹಾಡಬೇಕು. ಅದಕ್ಕೂ ಮೊದಲು, ನಾಳೆ, ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ ಒಂದು ಕಾರ್ಯಕ್ರಮ. ಎರಡಕ್ಕೂ ಮುಂಚೆ ಕೆಲವು ದಿನ ಬಿಡುವಿದೆಯೆಂದು ಸಂಘದವರು ಅವರನ್ನು ಬಹಾಮಾಸ್ ಕ್ರೂಸಿಗೆ ಕರೆದೊಯ್ದಿದ್ದರು. ಹಡಗು ಬೆಳಿಗ್ಗೆ ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್ ಬಂದರಿಗೆ ಮರಳಿತ್ತು. ಅಲ್ಲಿಂದ ಬಾಡಿಗೆ ವ್ಯಾನಿನಲ್ಲಿ ರಾಜ್ಯದ ಗಡಿ ದಾಟಿ ನಾರ್ತ್ ಕೆರೊಲಿನಾದ ಈ ವಿಮಾನ ನಿಲ್ದಾಣಕ್ಕೆ ಬಂದು ವರ್ಜೀನಿಯಾದ ವಿಮಾನ ಹತ್ತಬೇಕು. ಇದರಲ್ಲಿ ತಪ್ಪುವುದಕ್ಕೆ ಏನೂ ಇರಲಿಲ್ಲ.

ಸಂಘದ ಸದಸ್ಯೆ ಶ್ರೀಲತಾ ಬಂದದ್ದು ಗಾಯಕಿಯ ದೊಡ್ಡ ಸೂಟ್‌ಕೇಸನ್ನು ತನ್ನ ಮನೆಗೆ ಒಯ್ಯಲು, ಅಷ್ಟೆ. ಗಡಿಗೆ ಹತ್ತಿರದ ಬ್ಯಾಲಂಟೈನ್ ಬಡಾವಣೆಯ ಬ್ಯಾಂಕೊಂದರಲ್ಲಿ ವಂಚನೆ ಪತ್ತೆ ಮಾಡುವುದು ಅವಳ ಕೆಲಸ. ವಾರವಿಡೀ ಸುಳ್ಳು ಕೇಳಿಸಿಕೊಳ್ಳುತ್ತಾಳೆ. ಶನಿವಾರವಾದರೂ ಕಿವಿಗೆ ರಜೆ ಸಿಗಲೆಂದು ಅವಳ ಆಸೆ.

"ಡ್ರೈವರ್‌ದೇ ಕೆಲಸ," ಎಂದ ಪ್ರತಾಪ್. ಅವನು ಸಂಘದ ಖಜಾಂಚಿ. ಹಡಗಿನಲ್ಲಿ ಹಾಡಲು ಒಯ್ದಿದ್ದ ಮೈಕು, ಸ್ಪೀಕರುಗಳನ್ನೆಲ್ಲ ತುಂಬಿಕೊಂಡು ತನ್ನ ಕಾರಿನಲ್ಲಿ ಒಬ್ಬನೇ ಬಂದಿದ್ದ. "ಪೊಲೀಸ್‌ಗೆ ಕಾಲ್ ಮಾಡಿದೀನಿ. ಹೊರಗೆ ಹಿಡ್ಕೊಂಡಿದಾರೆ."

"ಯಾರು ಹೇಳಿದ್ರು ಅವನೇ ಅಂತ?"

"ವ್ಯಾನಲ್ಲಿ ಇದ್ದಿದ್ದು ಪ್ರೆಸಿಡೆಂಟು, ಅವರ ವೈಫು, ಈ ಅಕ್ಕ. ಉಳಿದವನು ಅವನೊಬ್ಬ. ಸಿಂಪಲ್."

ಶ್ರೀಲತಾಗೆ ಸಿಂಪಲ್ ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ.

*

ಹೊರಗೆ ವ್ಯಾನಿನ ಪಕ್ಕ ಪೊಲೀಸ್ ಅಧಿಕಾರಿಯೊಬ್ಬ ನಿಂತಿದ್ದ. ಡ್ರೈವರಿನ ಲೈಸೆನ್ಸ್ ಅವನ ಕೈಯಲ್ಲಿತ್ತು.

"ಎಲ್ಲಿ ಕಳೆದದ್ದು?" ಎಂದು ಅಧಿಕಾರಿ ಕೇಳಿದ.

"ದಾರಿಯಲ್ಲಿ," ಎಂದಳು ಶ್ರೀಲತಾ.

"ಗಡಿಯ ಆಚೆಯೋ ಈಚೆಯೋ?"

ಯಾರಿಗೂ ಗೊತ್ತಿಲ್ಲ. ಆಚೆಯಾದರೆ ಆಚೆಯವರಿಗೇ ಹೇಳಿ ಎಂದ. ಶ್ರೀಲತಾ ಸೌತ್ ಕೆರೊಲಿನಾದ ಪೊಲೀಸರಿಗೆ ಫೋನ್ ಮಾಡಿದಳು. ಗೊತ್ತಾದದ್ದು ನಾರ್ತ್‌ನಲ್ಲಾದರೆ ನಾರ್ತ್‌ನವರೇ ನೋಡಲಿ ಎಂದು ಅವರು ಇಟ್ಟುಬಿಟ್ಟರು. ಎರಡು ರಾಜ್ಯಗಳೂ ಸೇರಿ ಕೈತೊಳೆದುಕೊಂಡವು.

"ಹೇಗೂ ಒಂದು ರಿಪೋರ್ಟ್ ಬರೆಯುತ್ತೇನೆ," ಎಂದ ಅಧಿಕಾರಿ. "ಅನುಮಾನ ಈತನ ಮೇಲೆ. ಹೆಸರು ಟೆಸ್ಫಾಯೆ."

ಟೆಸ್ಫಾಯೆ ಇಥಿಯೋಪಿಯಾದವನು. ವ್ಯಾನು ಅವನದೇ. ಶ್ರೀಲತಾ ಅವನನ್ನು ಪಕ್ಕಕ್ಕೆ ಕರೆದಳು.

"ಮೇಡಂ, ಗುರುವಾರ ನನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ," ಎಂದ. ಇಂಗ್ಲಿಷಿನಲ್ಲಿ ನಿಧಾನವಾಗಿ, ಒಂದೊಂದೇ ಮಾತು ಆರಿಸಿ ಹೇಳುತ್ತಿದ್ದ. "ಪೊಲೀಸ್ ರಿಪೋರ್ಟಿನಲ್ಲಿ ಹೆಸರು ಬಂದರೆ ಅದು ನಿಂತುಹೋಗುತ್ತದೆ. ನನ್ನ ಹೆಂಡತಿ ಇನ್ನೂ ಅಲ್ಲಿದ್ದಾಳೆ. ಇದಾದ ಮೇಲೇ ಅವಳನ್ನು ಕರೆಸಬೇಕು."

ಶ್ರೀಲತಾಳದೂ ವೀಸಾದ ಬದುಕು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತೇ ಕೂದಲು ನೆರೆಯುತ್ತಿದೆ. ಪೊಲೀಸರು ರಸ್ತೆಯಲ್ಲಿ ಸುಮ್ಮನೆ ಹಿಂದೆ ಬಂದರೂ ಎದೆ ಢವಗುಟ್ಟುತ್ತದೆ. ಈ ಭಯ ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ದಾರಿಯಲ್ಲಿ ಎಲ್ಲಾದರೂ ನಿಂತಿದ್ದಿರಾ?"

"ನಿಂತಿದ್ದೆವು. ಗಡಿಗೆ ಸ್ವಲ್ಪ ಮುಂಚೆ, ಒಂದು ಅಂಗಡಿಯ ಹತ್ತಿರ."

"ಯಾವ ಅಂಗಡಿ?"

ಅವನು ಅಧಿಕಾರಿಯ ಕಡೆ ನೋಡಿದ. "ಅವರನ್ನೇ ಕೇಳಿ. ವ್ಯಾನು ನನ್ನದು. ನಾನು ಹೇಳಿದರೆ ಅದೂ ನನ್ನ ತಲೆಗೇ ಬರುತ್ತದೆ."

*

ಸಂಘದ ಅಧ್ಯಕ್ಷ ಕೃಷ್ಣಪ್ರಸಾದ ವ್ಯಾನಿನ ಹಿಂಬಾಗಿಲಿಗೆ ಒರಗಿ ನಿಂತಿದ್ದ.

"ಎಲ್ಲಿ ನಿಂತ್ರಿ ದಾರೀಲಿ?"

"ಎಲ್ಲೂ ಇಲ್ಲ. ನಾನ್‌ಸ್ಟಾಪ್ ಬಂದ್ವಿ."

ಅವನ ಹೆಂಡತಿ ಮೈಥಿಲಿ ಫೋನಿನಿಂದ ತಲೆಯೆತ್ತಲಿಲ್ಲ. "ನಾನ್‌ಸ್ಟಾಪ್," ಎಂದಳು.

"ಡ್ರೈವರ್ ನಿಂತ್ವಿ ಅಂತಾನಲ್ಲ?"

"ಸುಳ್ಳು ಹೇಳ್ತಿದಾನೆ," ಎಂದ ಕೃಷ್ಣಪ್ರಸಾದ.

ನೀಲಗಂಗಾ ಬಾಯಿ ತೆರೆದರು. ಮೈಥಿಲಿ ಅವರ ಮೊಣಕೈ ಮುಟ್ಟಿದಳು. ನೀಲಗಂಗಾ ಬಾಯಿ ಮುಚ್ಚಿದರು.

ಶ್ರೀಲತಾ ಹಿಂಬಾಗಿಲ ಹಿಡಿಗೆ ಕೈ ಹಾಕಿದಳು. ಕೃಷ್ಣಪ್ರಸಾದ ಅಲುಗಲಿಲ್ಲ. "ಹಿಂದೆ ಬರೀ ಲಗೇಜು. ಆಗ್ಲೇ ನೋಡಿದೀವಿ," ಎಂದ. ಅವನ ಹಣೆಯಲ್ಲಿ ಬೆವರಿತ್ತು, ಬಿಸಿಲೇನೂ ಇರಲಿಲ್ಲ. ಪಾಸ್‌ಪೋರ್ಟ್ ಇವನೇ ಬಚ್ಚಿಟ್ಟಿರಬಹುದೇ? ಶಾರ್ಲೆಟ್ ಕರೆಸಿದ ಗಾಯಕಿ ಮೊದಲು ಆಶ್‌ಬರ್ನ್‌ನಲ್ಲಿ ಹಾಡುವುದೇ ಎಂದು ಸಮಿತಿಯಲ್ಲಿ ದೊಡ್ಡ ಜಗಳವೇ ಆಗಿತ್ತು. ಆದರೆ ಆಶ್‌ಬರ್ನ್‌ನವರಿಗೆ ಮಾತು ಕೊಟ್ಟವನು ಇವನೇ. ಗಾಯಕಿ ಹೋಗದಿದ್ದರೆ ಮೊದಲು ಹೋಗುವುದು ಇವನ ಮರ್ಯಾದೆ. ಹಾಗಾದರೆ ಆ ಬಾಗಿಲಿಗೆ ಈ ಪಹರೆ ಯಾಕೆ?

ಉತ್ತರ ತಲೆಗೆ ಬಂದಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ದೀಪಾವಳಿಯ ವಾರ. ನಾರ್ತ್‌ನಲ್ಲಿ ಸದ್ದು ಮಾಡುವ ಪಟಾಕಿ ಇಟ್ಟುಕೊಳ್ಳುವುದೇ ಅಪರಾಧ. ಸೌತ್‌ನಲ್ಲಿ ಗಡಿಗೆ ಅಂಟಿಕೊಂಡೇ ಮಳಿಗೆಗಟ್ಟಲೆ ಮಾರುತ್ತಾರೆ. ಈ ವಾರ ಆ ದಾರಿಯಲ್ಲಿ ಬಂದ ಶಾರ್ಲೆಟ್ ಕನ್ನಡಿಗ ಗಡಿಯಲ್ಲಿ ನಿಲ್ಲಲಿಲ್ಲವಂತೆ. ಯಾರ ಕಿವಿಗೆ ಹೂ ಇಡುವುದು?

*

ಅವಳು ಮೈಥಿಲಿಯನ್ನು ರೆಸ್ಟ್‌ರೂಮಿನ ಕಡೆ ಕರೆದೊಯ್ದಳು.

"ಎಷ್ಟು ಡಬ್ಬ ತಗೊಂಡ್ರಿ?"

"ಏನು ಡಬ್ಬ?"

"ಮೈಥಿಲಿ, ನನಗೆ ತಾಳ್ಮೆ ಇಲ್ಲ ಇವತ್ತು."

ಮೈಥಿಲಿಯ ಕಣ್ಣು ತುಂಬಿತು. "ಸಂಘದ ಮಕ್ಕಳಿಗೆಲ್ಲ ಅಂತ ತಗೊಂಡ್ವಿ ಕಣೇ. ಪೊಲೀಸ್ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು? ಕೃಷ್ಣಂದು ಗ್ರೀನ್ ಕಾರ್ಡ್ ಪೆಂಡಿಂಗ್ ಇದೆ. ಪ್ಲೀಸ್, ಹೇಳ್ಬೇಡ."

"ಅಂಗಡಿ ಒಳಗೆ ಯಾರ್ಯಾರು ಹೋದ್ರಿ?"

"ಮೂರು ಜನಾನೂ. ಅಕ್ಕಂಗೂ ನೋಡ್ಬೇಕು ಅಂತಿತ್ತು."

"ಡ್ರೈವರ್?"

"ಅವನೂ ಒಳಗೇ ಇದ್ದ. ಕಾರ್ಟ್ ತಳ್ಳಿದ್ದು ಅವನೇ. ಡಬ್ಬ ತಂದು ಹಿಂದೆ ಜೋಡಿಸಿದ್ದೂ ಅವನೇ, ನಮ್ಮ ಕಣ್ಣೆದುರಿಗೇ."

ಶ್ರೀಲತಾ ಗೋಡೆಗೆ ಒರಗಿದಳು. "ಅಂದ್ರೆ ಪೂರ್ತಿ ಹೊತ್ತು ಅವನು ನಿಮ್ಮ ಜೊತೆ ಇದ್ದ. ಅವನು ಕದ್ದಿಲ್ಲ ಅಂತ ನಿಮಗೆ ಗೊತ್ತಿತ್ತು. ಆದ್ರೂ ಬಾಯಿ ಮುಚ್ಕೊಂಡು ನಿಂತಿದೀರಾ?"

ಮೈಥಿಲಿ ಸೆರಗಿಲ್ಲದ ಹೆಗಲ ಮೇಲೆ ಸೆರಗು ಹುಡುಕಿ, ಸಿಗದೆ, ಕೈಯಿಂದಲೇ ಕಣ್ಣೊರೆಸಿಕೊಂಡಳು.

"ಅಕ್ಕನ ಚೀಲ ಎಲ್ಲಿತ್ತು?"

"ಸೀಟ್ ಮೇಲೆ. ಪಟಾಕಿ ಇಡೋಕೆ ಬೇಕಲ್ಲ ಅಂತ ವ್ಯಾನ್ ಲಾಕ್ ಮಾಡಿರ್ಲಿಲ್ಲ."

"ಪ್ರತಾಪ್ ಎಲ್ಲಿದ್ದ?"

"ಅವನಿರ್ಲಿಲ್ಲ. ನಾವು ಅಂಗಡೀಲಿ ಇದ್ದಾಗ ಫೋನ್ ಮಾಡಿದ. ನಾನಾಗ್ಲೇ ಗಡಿ ದಾಟಿ ನಾರ್ತ್‌ಗೆ ಬಂದೆ, ಇಲ್ಲಿ ಕಾರಿಗೆ ಗ್ಯಾಸ್ ಹಾಕಿಸ್ತಿದೀನಿ, ನೀವು ಬನ್ನಿ ಅಂದ. ಕೊನೆಗೆ ನಾವೇ ಮುಂಚೆ ಬಂದ್ವಿ."

ಶ್ರೀಲತಾ ನೆಟ್ಟಗೆ ನಿಂತಳು. "ಗಡಿ ದಾಟಿದ ಮೇಲೆ ಗ್ಯಾಸಾ?"

"ಹೂಂ. ಯಾಕೆ?"

*

ಪ್ರತಾಪನ ಕಾರು ವ್ಯಾನಿನ ಹಿಂದೆಯೇ ನಿಂತಿತ್ತು.

"ಫೋನ್ ಸತ್ತೋಗಿದೆ. ನಿನ್ನ ಕಾರಲ್ಲಿ ಚಾರ್ಜ್ ಮಾಡ್ಕೊಳ್ಲಾ?" ಎಂದಳು ಶ್ರೀಲತಾ.

ಅವನು ಕಾರು ಸ್ಟಾರ್ಟ್ ಮಾಡಿದ. ಅವಳು ಕುತ್ತಿಗೆ ಚಾಚಿ ಡ್ಯಾಶ್‌ಬೋರ್ಡ್ ನೋಡಿದಳು. ಪೆಟ್ರೋಲಿನ ಮುಳ್ಳು ಕೆಳಗೆ ಮಲಗಿತ್ತು. ಕಿತ್ತಳೆ ದೀಪ ಉರಿಯುತ್ತಿತ್ತು.

"ಗ್ಯಾಸ್ ಹಾಕಿಸಿದೆ ಅಂದ್ಯಂತಲ್ಲ?"

"ಹಾಕಿಸ್ಬೇಕು ಅಂತಿದ್ದೆ. ಆಮೇಲೆ ಲೇಟಾಯ್ತು ಅಂತ ಬಂದೆ."

"ಫೋನಲ್ಲಿ ಹಾಕಿಸ್ತಿದೀನಿ ಅಂದಿದ್ದೆ." ಅವಳು ಉಳಿದವರನ್ನೂ ಹತ್ತಿರ ಕರೆದಳು. "ಕೇಳಿ ಎಲ್ರೂ. ಸೌತ್‌ನಲ್ಲಿ ಗ್ಯಾಸ್ ಅಗ್ಗ ಅಂತ ಈ ಊರಲ್ಲಿ ಯಾರಿಗೆ ಗೊತ್ತಿಲ್ಲ? ಅಲ್ಲಿಂದ ಬರೋ ಶಾರ್ಲೆಟ್‌ನವರು ಯಾರೂ ಗಡಿಗೆ ಮುಂಚೆ ಹಾಕಿಸದೆ ಬರಲ್ಲ. ಅದ್ರಲ್ಲೂ ಪ್ರತಾಪ್. ಪ್ರತಿ ವಾರ ಬ್ಯಾಲಂಟೈನಿಂದ ಗಡಿ ದಾಟಿ ಹೋಗಿ ಹಾಕಿಸ್ಕೊಂಡು ಬರೋನು. ಅದನ್ನ ಪಾಟ್‌ಲಕ್ ಊಟದಲ್ಲಿ ನಮಗೆಲ್ಲ ಪಾಠ ಮಾಡೋನು. ಅವನು ಖಾಲಿ ಟ್ಯಾಂಕಲ್ಲಿ ಅಷ್ಟು ಬಂಕ್ ಬಿಟ್ಟು, ಗಡಿ ದಾಟಿ, ದುಬಾರಿ ಗ್ಯಾಸ್ ಹಾಕಿಸ್ತಿದ್ನಂತೆ. ಯಾಕೆ ಹಾಗಂದ? ನೀವು ಅಂಗಡೀಲಿದ್ದಾಗ ಅವನು ಬೇರೆ ರಾಜ್ಯದಲ್ಲಿದ್ದ ಅಂತ ತೋರಿಸ್ಬೇಕಿತ್ತು."

"ಹುಚ್ಚಾ ನಿನಗೆ?" ಎಂದ ಪ್ರತಾಪ್.

"ಬಂದರಿಂದ ವ್ಯಾನ್ ಹಿಂದೇನೇ ಬಂದೆ. ಅದಕ್ಕೇ ನಿಲ್ಸಿ ಗ್ಯಾಸ್ ಹಾಕಿಸೋಕೆ ಆಗ್ಲಿಲ್ಲ. ಅಂಗಡಿ ಪಕ್ಕ ಎಲ್ಲೋ ಕಾರ್ ನಿಲ್ಸಿ ಫೋನ್ ಮಾಡಿದೆ, ಇವರು ಒಳಗಿರೋದು ಗ್ಯಾರಂಟಿ ಮಾಡ್ಕೊಂಡೆ, ಚೀಲಕ್ಕೆ ಕೈ ಹಾಕಿದೆ. ಪಟಾಕಿ ಭಯಕ್ಕೆ ಅಲ್ಲಿ ನಿಂತಿದ್ದೇ ಇವರು ಒಪ್ಕೊಳಲ್ಲ ಅಂತಾನೂ ನಿನಗೆ ಗೊತ್ತಿತ್ತು. ಪಾಸ್‌ಪೋರ್ಟ್ ಕಾರಲ್ಲೇ ಇದೆ. ನೀನು ತೆಗೀತಿಯಾ, ನಾನು ತೆಗೀಲಾ?"

ಪ್ರತಾಪ್ ಹಿಂದಕ್ಕೆ ಬಾಗಿ ಸ್ಪೀಕರಿನ ಕವರಿನೊಳಗಿಂದ ಪಾಸ್‌ಪೋರ್ಟ್ ತೆಗೆದ.

"ಸೋಮವಾರ ನಾನೇ ಕೊಡ್ತಿದ್ದೆ," ಎಂದ. "ಡಿಸೆಂಬರಲ್ಲಿ ಎಲೆಕ್ಷನ್ನು. ಮೂರು ವರ್ಷದಿಂದ ಸಂಘಕ್ಕೆ ದುಡೀತಿರೋನು ನಾನು, ಸ್ಟೇಜ್ ಮೇಲೆ ಹಾರ ಹಾಕಿಸ್ಕೊಳೋನು ಕೃಷ್ಣಪ್ರಸಾದ. ಆಶ್‌ಬರ್ನ್‌ನವರ ಮುಂದೆ ಒಂದ್ಸಲ ಅವನ ಮುಖ ಇಳೀಲಿ ಅಂತ. ಅಷ್ಟೆ. ಯಾರಿಗೂ ಲಾಸ್ ಆಗ್ತಿರ್ಲಿಲ್ಲ."

"ಟೆಸ್ಫಾಯೆಗೆ?"

"ಯಾರು?"

ಡ್ರೈವರಿನ ಹೆಸರು ಅವನಿಗೆ ನಿಜವಾಗಿ ಗೊತ್ತಿರಲಿಲ್ಲ.

*

ಅಷ್ಟರಲ್ಲಿ ವಿಮಾನ ಹೊರಟುಹೋಗಿತ್ತು. ಅಧಿಕಾರಿ ಹತ್ತಿರ ಬಂದ. ಪಾಸ್‌ಪೋರ್ಟ್ ಎಲ್ಲಿ ಸಿಕ್ಕಿತೆಂದು ಕೇಳಿದ.

"ನನ್ನ ಕಾರಿನಲ್ಲಿ," ಎಂದ ಪ್ರತಾಪ್, ಈಗ ಇಂಗ್ಲಿಷಿನಲ್ಲಿ. "ದಾರಿಯಲ್ಲಿ ಕದ್ದು ಈ ಡ್ರೈವರೇ ಇಲ್ಲಿ ತಂದು ಅಡಗಿಸಿರಬೇಕು."

ತಪ್ಪೊಪ್ಪಿಗೆಯೆಲ್ಲ ಕನ್ನಡದಲ್ಲಾಗಿತ್ತು. ಅಧಿಕಾರಿಗೆ ಅದರ ಒಂದಕ್ಷರವೂ ತಿಳಿದಿರಲಿಲ್ಲ. ಶ್ರೀಲತಾ ಅವಸರದಲ್ಲಿ ಎಲ್ಲ ವಿವರಿಸಿದಳು. ಅಧಿಕಾರಿ ಸಮಾಧಾನದಿಂದ ಕೇಳಿಸಿಕೊಂಡ.

"ನೀವು ಅಲ್ಲಿದ್ದಿರಾ, ಮೇಡಂ?"

"ಇಲ್ಲ. ಇವರಿದ್ದರು."

ಅಧಿಕಾರಿ ಕೃಷ್ಣಪ್ರಸಾದನ ಕಡೆ ತಿರುಗಿದ. "ಡ್ರೈವರ್ ನಿಮ್ಮ ಜೊತೆಗಿದ್ದನೇ? ಎಲ್ಲಿ? ಏನು ಮಾಡುತ್ತಿದ್ದ?"

ಕೃಷ್ಣಪ್ರಸಾದ ನೆಲ ನೋಡಿದ. ಮೈಥಿಲಿ ಗಂಡನನ್ನು ನೋಡಿದಳು. "ಪಾಸ್‌ಪೋರ್ಟ್ ಸಿಕ್ತಲ್ಲ ಶ್ರೀಲತಾ," ಎಂದ ಅವನು ಮೆಲ್ಲಗೆ, ಕನ್ನಡದಲ್ಲಿ. "ಇಲ್ಲಿಗೇ ಬಿಟ್ಬಿಡೋಣ. ಡ್ರೈವರ್‌ಗೆ ಸ್ವಲ್ಪ ಎಕ್ಸ್‌ಟ್ರಾ ಕೊಡೋಣ."

ಬ್ಯಾಂಕಿನಲ್ಲಿ ಕಳ್ಳ ಸಿಕ್ಕರೆ ಕೆಲಸ ಮುಗಿಯುತ್ತದೆ. ಇಲ್ಲಿ ಕಳ್ಳ ಸಿಕ್ಕಿದ್ದ, ಮಾಲು ಸಿಕ್ಕಿತ್ತು, ಆದರೂ ತಪ್ಪಿಲ್ಲದವನ ಲೈಸೆನ್ಸ್ ಪೊಲೀಸಿನ ಕೈಯಲ್ಲೇ ಇತ್ತು. ಶ್ರೀಲತಾಗೆ ಅಳು ಬರುವಷ್ಟು ಸಿಟ್ಟು ಬಂತು.

ನೀಲಗಂಗಾ ಮುಂದೆ ಬಂದರು. ಮೈಥಿಲಿ ಮತ್ತೆ ಅವರ ಮೊಣಕೈಗೆ ಕೈ ಹಾಕಿದಳು. ಅವರು ಅದನ್ನು ಬಿಡಿಸಿಕೊಂಡರು.

"ಶ್ರೀಲತಾ, ಪಟಾಕಿಗೆ ಇಂಗ್ಲಿಷ್‌ದಾಗ ಏನಂತಾರ?"

"ಅಕ್ಕಾ, ಪ್ಲೀಸ್," ಎಂದ ಕೃಷ್ಣಪ್ರಸಾದ.

"ನೀವು ಕರೆಸೀರಿ, ಛಲೋ ನೋಡ್ಕೊಂಡೀರಿ. ಅದಕ್ಕ ಇಷ್ಟೊತ್ತು ಸುಮ್ನಿದ್ದೆ. ಸುಮ್ನಿದ್ದದ್ದು ನಂದೂ ತಪ್ಪು." ಅವರು ಶ್ರೀಲತಾಳನ್ನೇ ನೋಡುತ್ತಿದ್ದರು. "ಏನಂತಾರವಾ?"

"ಫೈರ್‌ವರ್ಕ್ಸ್," ಎಂದಳು ಶ್ರೀಲತಾ.

ನೀಲಗಂಗಾ ಟೆಸ್ಫಾಯೆಯ ಕಡೆ ಕೈ ತೋರಿಸಿದರು. "ಹೀ ವಿತ್ ಮಿ. ಫುಲ್ ಟೈಮ್. ಹೀ ಕ್ಯಾರಿ ಫೈರ್‌ವರ್ಕ್ಸ್. ಅವರ್ ಫೈರ್‌ವರ್ಕ್ಸ್." ಆಮೇಲೆ ವ್ಯಾನಿನ ಹಿಂಬಾಗಿಲನ್ನು ತಾವೇ ತೆರೆದರು.

*

ಅಧಿಕಾರಿ ಡಬ್ಬಗಳನ್ನೆಲ್ಲ ಇಳಿಸಿಕೊಂಡ. ಮೈಥಿಲಿ ಬಿಕ್ಕುತ್ತ ಉಳಿದದ್ದನ್ನು ಹೇಳಿದಳು. ಕೃಷ್ಣಪ್ರಸಾದನಿಗೆ ದಂಡದ ಚೀಟಿ ಬಂತು. ಪ್ರತಾಪನನ್ನು ಒಳಗೆ ಕರೆದೊಯ್ದರು. ಟೆಸ್ಫಾಯೆಯ ಹೆಸರು ಹೊಡೆದುಹಾಕಿ ಲೈಸೆನ್ಸ್ ವಾಪಸು ಕೊಟ್ಟರು. ಅವನು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ಇವತ್ತಿನ, ನಾಳೆಯ ಬೇರೆ ಯಾವ ವಿಮಾನದಲ್ಲೂ ಸೀಟಿರಲಿಲ್ಲ. ಆಶ್‌ಬರ್ನ್‌ಗೆ ರಸ್ತೆಯಲ್ಲಿ ಏಳು ಗಂಟೆಯ ಪ್ರಯಾಣ. ಕೃಷ್ಣಪ್ರಸಾದ ಟೆಸ್ಫಾಯೆಯ ಹತ್ತಿರ ಹೋದ. ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದ. ನಾಳೆ ಅಕ್ಕನನ್ನು ಆಶ್‌ಬರ್ನ್‌ಗೆ ಬಿಡಬಹುದೇ, ಎರಡರಷ್ಟು ಬಾಡಿಗೆ ಕೊಡುತ್ತೇವೆ ಎಂದ.

ಟೆಸ್ಫಾಯೆ ಸೂಟ್‌ಕೇಸುಗಳನ್ನು ಒಂದೊಂದಾಗಿ ಇಳಿಸಿ ಸಾಲಾಗಿ ನಿಲ್ಲಿಸಿದ. ನೀಲಗಂಗಾರ ತಂಬೂರಿಯನ್ನು ನೆಲಕ್ಕಿಡದೆ ಅವರ ಕೈಗೇ ಕೊಟ್ಟ. ಅವರಿಗೆ ತಲೆಬಾಗಿ ನಮಸ್ಕರಿಸಿದ. ಆಮೇಲೆ ಶ್ರೀಲತಾಳ ಕಡೆ ತಿರುಗಿದ.

"ಗುರುವಾರ ಇಂಟರ್‌ವ್ಯೂನಲ್ಲಿ, ಪೊಲೀಸರು ಯಾವತ್ತಾದರೂ ನಿನ್ನನ್ನು ತಡೆದಿದ್ದಾರೆಯೇ ಎಂದು ಕೇಳುತ್ತಾರೆ," ಎಂದ. "ನಿನ್ನೆಯವರೆಗೆ ಇಲ್ಲ ಎನ್ನಬಹುದಿತ್ತು."

ಶ್ರೀಲತಾ ಏನೋ ಹೇಳಲು ಹೋದಳು. ಅವನು ಬಾಗಿಲು ಎಳೆದುಕೊಂಡು ಹೊರಟುಹೋದ.