ದಪ್ಪ ಎಣ್ಣೆಯ ಮೇಲಿನ ಅಪವಾದ

ಹಗ್ಗ ಎಳೆದರೂ ಎಂಜಿನ್ ತಿರುಗಲಿಲ್ಲ.

ಮಿಸ್ತ್ರಿ ಮಂಜೂರ್ ಮತ್ತೊಮ್ಮೆ ಜಗ್ಗಿದ. ಪಂಪ್‌ಸೆಟ್ಟೇ ನೆಲ ಬಿಟ್ಟು ಮೇಲೆದ್ದಿತು, ಒಳಗಿನ ಚಕ್ರ ಮಾತ್ರ ಮಿಸುಕಲಿಲ್ಲ. ಮಸ್ಕಿಯ ರೈತ ಸಂಘದ ಯಂತ್ರ ಬಾಡಿಗೆ ಕೇಂದ್ರದಲ್ಲಿ ಅದು ಸೋಮವಾರದ ಬೆಳಗು. ಬಾಡಿಗೆಗೆ ಬಂದ ರೈತರೆಲ್ಲ ಸುತ್ತ ನೆರೆದರು.

"ಸೀಜ್ ಆಗೇತಿ, ಒಳಗ ಕಚ್ಚಿಕೊಂಡು ಕುಂತೈತಿ," ಎಂದ ಮಂಜೂರ್.

ಅಂಬಿಕಾ ಗುಂಪನ್ನು ಸರಿಸಿ ಮುಂದೆ ಬಂದಳು. ಕೇಂದ್ರದ ಮೇಲ್ವಿಚಾರಕಿ ಅವಳು. ಕೃಷಿ ಪದವಿ ಓದಿದವಳು. ಬೀಗ ಹಾಕಿದ ಮೇಲೂ ತಿರುಗಿ ಬಂದು ಜಗ್ಗಿ ನೋಡುವ ಸ್ವಭಾವ. ಈ ಎಂಜಿನ್ನಿಗೆ ಬೇರೆ ಎಣ್ಣೆ ಹಾಕಿಸಿದ್ದು ಅವಳೇ. ಅಲ್ಲಿಯವರೆಗೆ ಸ್ಕೂಟರಿನ ತೆಳು ಎಣ್ಣೆ ಸುರಿಯುತ್ತಿದ್ದರು. ಇವು ನೀರಿನಿಂದಲ್ಲ, ಗಾಳಿಯಿಂದ ತಣಿಯುವ ಎಂಜಿನ್‌ಗಳು. ಈ ಸೀಮೆಯ ಬೇಸಿಗೆಯಲ್ಲಿ ಬೀಸುವ ಗಾಳಿಯೇ ಕಾದಿರುತ್ತದೆ. ಅಂಥ ಕಾವಿಗೆ ತೆಳು ಎಣ್ಣೆ ಇನ್ನೂ ತೆಳುವಾಗಿ ಹೊಗೆಯಾಗಿ ಹೋಗುತ್ತದೆ ಎಂದು ಸಭೆಯಲ್ಲಿ ವಾದಿಸಿದ್ದಳು. ಕಂಪನಿಯ ಕೈಪಿಡಿ ತೋರಿಸಿ ದಪ್ಪ ಎಣ್ಣೆಗೆ ಒಪ್ಪಿಸಿದ್ದಳು. ಹಾಕಿ ಇನ್ನೂ ಒಂದು ವಾರ ಕಳೆದಿರಲಿಲ್ಲ.

"ನಾ ಅವತ್ತ ಹೇಳಿದ್ದೆ," ಎಂದ ಸಂಘದ ಕಾರ್ಯದರ್ಶಿ ಶಿವಪ್ರಸಾದ. ಗೊರೇಬಾಳದ ಕಾಲುವೆ ಪಕ್ಕದಲ್ಲಿ ಗುತ್ತಿಗೆ ಹಿಡಿದು ಭತ್ತ ಬೆಳೆಯುವವನು. ಇಸ್ತ್ರಿಯ ಅಂಗಿ, ಏರುದನಿ. "ದಪ್ಪ ಎಣ್ಣಿ ಹಾಕಿದಾಗಿಂದ ತಾನ ತಾನ ಬಂದ್ ಆಗಾಕತ್ತಿತ್ತು. ಮೇಡಮ್ಮಾರ್ದು ಬಿಡ್ರಿ, ಪುಸ್ತಕ ನೋಡಿ ಹೇಳ್ಯಾರ. ಈ ಮಿಸ್ತ್ರಿ ಡಬ್ಬಿ ಎಣ್ಣಿ ಹೊರಗ ಮಾರಿ ಸುಟ್ಟ ಎಣ್ಣಿ ಸುರುವ್ಯಾನ. ಕೀಲಿ ಯಾರ ಕಡೆ ಇರ್ತೈತಿ? ಒಂದು ನನ್ನ ಕಡೆ, ಒಂದು ಇವನ ಕಡೆ."

"ಅಣ್ಣಾರ, ಮಾತು ನೋಡಿ ಆಡ್ರಿ!" ಮಂಜೂರ್ ಹಗ್ಗ ಬಿಟ್ಟು ಎದ್ದ.

ಅಧ್ಯಕ್ಷ ಪಂಪಣ್ಣನವರು ಕೈ ಎತ್ತಿದರು. "ಸಂಜಿ ಮುಂದ ಮೀಟಿಂಗ್ ಐತಿ. ಅಷ್ಟರಾಗ ಖರೇ ಏನಂತ ತಿಳೀಲಿಲ್ಲಂದ್ರ, ಮಂಜೂರನ ಕೆಲಸದಿಂದ ತಗದು ಠಾಣೇಕ ಬರಕೊಡೂದು."

ರೈತರು ಗುಸುಗುಸು ಮಾತಾಡುತ್ತಲೇ ಚದುರಿದರು. ಮಂಜೂರ್ ಅಂಬಿಕಾಳ ಕಡೆ ತಿರುಗಿದ. "ಎಣ್ಣಿ ಕಳ್ಳ ಅಂತ ಹೆಸರಾದ್ರ ಸಿಂಧನೂರಿಂದ ಲಿಂಗಸುಗೂರ್ ತನಕ ಯಾವ ಗ್ಯಾರೇಜ್‌ನಾಗ ನನ್ನ ಒಳಗ ಬಿಡ್ತಾರ್ರಿ ಅಕ್ಕಾರ?"

* * *

ಅವಳು ಮೊದಲು ಎಣ್ಣೆ ನೋಡಿದಳು. ಪಂಪನ್ನು ಸಮತಟ್ಟಾದ ಕಟ್ಟೆಯ ಮೇಲೆ ಇಡಿಸಿದಳು. ಅಳತೆ ಕಡ್ಡಿಯನ್ನು ಒರೆಸಿ, ತಿರುಪದೆ ಸುಮ್ಮನೆ ಇಳಿಸಿ ತೆಗೆದಳು. ಎಣ್ಣೆ ಮೇಲಿನ ಗೆರೆಯವರೆಗೂ ಇತ್ತು. ಬಸಿದು ಮೂಸಿದಳು. ಪೆಟ್ರೋಲಿನ ವಾಸನೆ ಇರಲಿಲ್ಲ. ಬೆರಳ ನಡುವೆ ತಿಕ್ಕಿದಳು. ಕಸ, ಹರಳು ಯಾವುದೂ ಸಿಗಲಿಲ್ಲ.

ಸುಟ್ಟ ಎಣ್ಣೆಯಲ್ಲ, ಸರಿ. ಹಾಗಾದರೆ ತಾನು ಆರಿಸಿದ ಎಣ್ಣೆಯೇ ತಪ್ಪೇ?

"ಶುಕ್ರವಾರ ಸಂತೆಕಲ್ಲೂರಿಂದ ವಾಪಸ್ ಬಂತು," ಎಂದ ಮಂಜೂರ್. "ಚಾಲೂ ಮಾಡಿ ನೋಡೇ ಒಳಗಿಟ್ಟೀನಿ. ಚೊಲೋ ಇತ್ತು. ಆಮ್ಯಾಲ ಎರಡು ದಿನ ಸೂಟಿ."

ಅಂಬಿಕಾ ಬಗ್ಗಿ ಎಂಜಿನ್ನಿನ ಪಕ್ಕ ನೋಡಿದಳು. ಒಂದು ಹಳದಿ ವೈರು ಕಿತ್ತು ನೇತಾಡುತ್ತಿತ್ತು. ತುದಿಗೆ ಯಾರೋ ನೀಟಾಗಿ ಟೇಪು ಸುತ್ತಿದ್ದರು.

"ಇದನ್ನ ನೀ ತಗದ್ಯಾ?"

"ಇಲ್ರಿ! ಎಣ್ಣಿ ಕಮ್ಮಿ ಆದ್ರ ಎಂಜಿನ್ ತಾನ ನಿಲ್ಲಬೇಕಲ್ರಿ, ಅದರ ವೈರಿದು. ಇದನ್ನ ಯಾಕ ಕೀಳ್ತೀನಿ?"

ಎಣ್ಣೆ ತುಂಬಿರುವ ಎಂಜಿನ್ನಿನಲ್ಲಿ ಆ ವೈರು ಯಾರಿಗೆ ಅಡ್ಡಿಯಾಗಿತ್ತು? ಅಂಬಿಕಾ ಬಸಿದ ಎಣ್ಣೆಯನ್ನು ಬಾಟಲಿಗೆ ತುಂಬಿಕೊಂಡು ಬಸ್ ಹತ್ತಿದಳು.

* * *

ಸಂತೆಕಲ್ಲೂರಿನ ಗದ್ದೆಮ್ಮ ಮೆಣಸಿನಕಾಯಿ ಹರವುತ್ತ ಕೂತಿದ್ದಳು. ಕೃಷಿ ಹೊಂಡದ ನೀರೆತ್ತಲು ಪಂಪ್ ಒಯ್ದಿದ್ದವಳು ಅವಳೇ. ದಪ್ಪ ಎಣ್ಣೆ ಹಾಕಿದ ಮೇಲೆ ಬಾಡಿಗೆಗೆ ಹೋದದ್ದು ಅದೊಂದೇ ಸಲ.

"ನಡುವ ಬಂದ್ ಆಗಿತ್ತೇನಬೇ?"

"ಎಲ್ಲಿ ನಿಂತೀತ ಯವ್ವಾ! ಪೆಟ್ರೋಲ್ ತೀರಾತನಕ ಒದರಿದ್ದೇ ಒದರಿದ್ದು. ನನ್ನ ಸೊಸಿಗಾದ್ರೂ ಉಸಿರು ತಗೊಳ್ಳಾಕ ಬಾಯಿ ಮುಚ್ಚತಾಳ, ಅದು ಮುಚ್ಚಲಿಲ್ಲ."

ಒಳಗಿನಿಂದ ಸೊಸೆ ಪಾತ್ರೆ ಕುಕ್ಕಿದ ಸದ್ದಾಯಿತು. ಅಂಬಿಕಾ ನಗು ನುಂಗಿಕೊಂಡು ಎದ್ದಳು.

* * *

ಕೇಂದ್ರಕ್ಕೆ ಎಣ್ಣೆ ಕೊಟ್ಟಿದ್ದ ಲಿಂಗಸುಗೂರಿನ ಅಂಗಡಿಯ ದಸ್ತಗೀರ್‌ಸಾಬ್ ಬಾಟಲಿ ನೋಡಿಯೇ ಸಿಟ್ಟಾದರು. "ನನ್ನ ದುಕಾನ್‌ದಾಗ ನಕಲಿ ಹುಡುಕಾಕ ಬಂದೀಯೇನವ್ವಾ?"

"ಸಿಟ್ಟಾಗಬ್ಯಾಡ್ರಿ ಚಾಚಾ. ಅಸಲಿ ಅಂತ ತೋರಿಸಿಬಿಡ್ರಿ, ಒಬ್ಬಾತನ ಮಾನ ಉಳೀತೈತಿ."

ಅವರು ಗೊಣಗುತ್ತ ಎರಡು ತಗಡಿನ ತಟ್ಟೆ ತಂದರು. ಒಂದಕ್ಕೆ ಬಾಟಲಿಯ ಎಣ್ಣೆ, ಇನ್ನೊಂದಕ್ಕೆ ಸೀಲು ಒಡೆದ ಹೊಸ ಡಬ್ಬಿಯ ಎಣ್ಣೆ. ತಟ್ಟೆಗಳ ಒಂದು ಅಂಚಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ಎರಡೂ ಒಂದೇ ನಡಿಗೆಯಲ್ಲಿ ಕೆಳಗಿಳಿದವು.

"ಬಣ್ಣ ಕೊಂಚ ಕಪ್ಪಾಗೇತಿ, ಓಡಿದ ಎಂಜಿನ್ ಎಣ್ಣಿ ಅಲ್ಲೇನು. ದಪ್ಪ ನೋಡು, ಅದೇ. ಗಾಳಿ ಎಂಜಿನ್‌ಗೆ, ಈ ಬಿಸಿಲಿಗೆ ಇದೇ ಬೇಕು. ನೀ ಆರಿಸಿದ್ದು ಬರೋಬ್ಬರಿ ಐತಿ."

ಆ ಮಾತಿಗೆ ಅವಳು ನಿರಾಳವಾಗಬೇಕಿತ್ತು. ಆಗಲಿಲ್ಲ. ಅವಳ ಕಣ್ಣು ತಟ್ಟೆಯಲ್ಲೇ ನೆಟ್ಟಿತ್ತು. ಎಣ್ಣೆಯೆಲ್ಲ ಕೆಳಗಿನ ಅಂಚಿಗೆ ಸೇರಿ ಮೇಲಿನ ಅರ್ಧ ಬರಿದಾಗಿತ್ತು. ಎಣ್ಣೆ ಕಡಿಮೆಯಾಗಿರಲಿಲ್ಲ. ಒಂದು ಕಡೆ ಸರಿದಿತ್ತು, ಅಷ್ಟೆ.

ಓರೆ ನೆಲ. ಸುತ್ತಲಿನ ಹೊಲಗದ್ದೆಯೆಲ್ಲ ಚಪ್ಪಟೆ. ನೀರಿನ ಪಕ್ಕದಲ್ಲಿ ಪಂಪ್ ಇಡುವಂಥ ಓರೆ ನೆಲ ಎಲ್ಲಿದೆ?

ಕಾಲುವೆಯ ದಂಡೆ ನೆನಪಾಗಿ ಅವಳು ಗೊರೇಬಾಳಕ್ಕೆಂದು ಸಿಂಧನೂರಿನ ಬಸ್ ಹಿಡಿದಳು.

* * *

ಗೊರೇಬಾಳದ ಕಾಲುವೆ ದಂಡೆಯ ಇಳಿಜಾರಿನಲ್ಲಿ, ನೀರಿಗೆ ಹತ್ತಿರ, ಕಬ್ಬಿಣದ ಕಾಲುಗಳು ಮಣ್ಣು ಕೊರೆದ ಗುರುತಿತ್ತು. ಪಕ್ಕದ ಹುಲ್ಲು ಹೊಗೆಕೊಳವೆಯ ಬಿಸಿಗೆ ಕಮರಿತ್ತು. ಈ ವಾರ ಇಲ್ಲಿಗೆ ನೀರಿನ ಸರದಿ ಇಲ್ಲ. ಕಾಲುವೆಗೆ ಪಂಪ್ ಹಚ್ಚುವುದು ಕಳವು. ಕೆಳಗಿನ ಊರುಗಳಿಗೆ ಹೋಗಬೇಕಾದ ನೀರು ಅದು.

ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ರೂಪಾ ತಲೆಯೆತ್ತಿದಳು. "ನಿನ್ನಿ ಇಲ್ಲೊಂದು ಪಂಪ್ ಇತ್ತಲ್ರಿ. ಓಡೂದು, ನಿಲ್ಲೂದು. ಹಗ್ಗ ಜಗ್ಗಿ ಜಗ್ಗಿ ಸಾಹುಕಾರ್ರ ರಟ್ಟಿ ಬಿದ್ದುಹೋಗಿತ್ತು. ಕಡೀಕ ಏನೋ ಕಿತ್ರು ನೋಡ್ರಿ, ನಿಲ್ಲಲೇ ಇಲ್ಲ."

"ಯಾವ ಸಾಹುಕಾರ್ರು?"

ರೂಪಾ ಕುಡುಗೋಲು ಚಾಚಿ ತೋರಿಸಿದಳು. ಸುತ್ತಲಿನ ಮಡಿಗಳೆಲ್ಲ ಬಿರುಕು ಬಿಟ್ಟಿದ್ದವು. ಒಂದರಲ್ಲಿ ಮಾತ್ರ ನೀರು ಹೊಳೆಯುತ್ತಿತ್ತು.

* * *

ಸಂಜೆಯ ಸಭೆಯಲ್ಲಿ ಅಂಬಿಕಾ ಎದ್ದು ನಿಂತಳು. ಒಂದು ಮಾತು ತಪ್ಪಿದರೂ ಇನ್ನೊಬ್ಬನ ಹೆಸರು ಕೆಡುತ್ತದೆ. ಅವಳು ನಿಧಾನವಾಗಿ ಆಡಿದಳು.

"ಎಣ್ಣಿ ಅಸಲಿ ಐತಿ, ತುಂಬನೂ ಐತಿ. ಆದ್ರೂ ಎಂಜಿನ್‌ಗೆ ಮುಟ್ಟಿಲ್ಲ. ಇಂಥ ಸಣ್ಣ ಎಂಜಿನ್‌ದಾಗ ಎಣ್ಣಿ ಎತ್ತಿಕೊಡೋ ಪಂಪ್ ಇರಂಗಿಲ್ಲ. ಒಳಗ ತಿರುಗೋ ಒಂದು ಚಮಚ ತಳದ ಎಣ್ಣಿ ಎರಚಬೇಕು. ಓರೆ ಇಟ್ರ ಎಣ್ಣಿ ಒಂದು ಮೂಲಿಗೆ ಸರೀತೈತಿ, ಚಮಚಕ್ಕ ಸಿಗಂಗಿಲ್ಲ. ಎಣ್ಣಿ ಕಮ್ಮಿ ಆಗೇತಂತ ಎಂಜಿನ್ ತಾನ ನಿಲ್ತೈತಿ. ನಿಂತದ್ದಕ್ಕ ಬ್ಯಾಸತ್ತು ಒಬ್ಬರು ಹಳದಿ ವೈರು ಕಿತ್ಯಾರ. ಆಮ್ಯಾಲ ಅದು ಒಣಗೇ ಓಡಿ ಸುಟ್ಟೈತಿ."

"ಇದೇ ಮಂಜೂರ್ ಕಿತ್ತಿರಬೇಕು," ಎಂದ ಶಿವಪ್ರಸಾದ.

"ಸರ್, ದಪ್ಪ ಎಣ್ಣಿ ಹಾಕಿದಾಗಿಂದ ತಾನ ಬಂದ್ ಆಗಾಕತ್ತಿತ್ತು ಅಂದ್ರಿ. ಗದ್ದೆಮ್ಮನ ಕಡೆ ಒಮ್ಮೆನೂ ನಿಂತಿಲ್ಲ. ಶುಕ್ರವಾರದಿಂದ ಪಂಪ್ ಈ ಬೀಗದೊಳಗಿತ್ತು. ನಿಂತದ್ದನ್ನ ನೀವು ಎಲ್ಲಿ ನೋಡಿದ್ರಿ?"

ಶಿವಪ್ರಸಾದ ಕೂತಲ್ಲಿಂದ ಅರ್ಧ ಎದ್ದ.

"ಗೊರೇಬಾಳದ ದಂಡಿ ನೋಡಿ ಬಂದೀನಿ. ನಿಮ್ಮ ಗದ್ದಿನೂ ನೋಡೀನಿ."

ಅವನು ಮತ್ತೆ ಕೂತು ತಲೆ ತಗ್ಗಿಸಿದ. "ಭತ್ತ ಹೊಡಿ ಕಟ್ಟಿತ್ತು, ತೆನಿ ಬರೂ ಹೊತ್ತು. ನೀರಿಲ್ದ ಕಣ್ಣ ಮುಂದ ಜೊಳ್ಳಾಗಾಕತ್ತಿತ್ತು. ಎಂಜಿನ್ ಎಲ್ಲಿ ಸುಟ್ಟೈತಿ ಅಂತ ತಿಳದ್ರ ನೀರು ಕದ್ದದ್ದೂ ಹೊರಗ ಬರ್ತಿತ್ತು."

"ಕೆಳಗಿನವರದೂ ಭತ್ತನ ಅಲ್ಲೇನೋ?" ಎಂದರು ಪಂಪಣ್ಣನವರು. ಎಂಜಿನ್ ಅವನೇ ದುರಸ್ತಿ ಮಾಡಿಸಿಕೊಡಬೇಕು, ಕೀಲಿ ಇಲ್ಲೇ ಬಿಡಬೇಕು, ನೀರಾವರಿ ಕಚೇರಿಗೆ ತಾನೇ ಹೋಗಿ ಹೇಳಬೇಕು ಎಂದು ತೀರ್ಮಾನವಾಯಿತು. "ಮಂಜೂರ್, ನೀ ಕೆಲಸಕ್ಕ ಬಾ."

ಮಂಜೂರ್ ಕದಲಲಿಲ್ಲ. "ಮುಂಜಾನಿ ಇಲ್ಲಿದ್ದ ಮಂದಿ ಈಗಿಲ್ರಿ ಪಂಪಣ್ಣಾರ. ನಾ ಎಣ್ಣಿ ಕಳ್ಳ ಅನ್ನೋ ಸುದ್ದಿ ಹೊತ್ತಕೊಂಡು ಊರೂರಿಗೆ ಹೋಗ್ಯಾರ. ಅಣ್ಣಾರು ನಾಳೆ ನನ್ನ ಗಾಡಿ ಹಿಂದ ಕೂಡ್ಲಿ. ಆ ಒಂದೊಂದು ಊರಾಗೂ ಅವರ ಬಾಯಿಂದ ಹೇಳ್ಲಿ."

ಪಂಪಣ್ಣನವರು ಶಿವಪ್ರಸಾದನ ಕಡೆ ನೋಡಿದರು. ಅವನು ಹೂಂ ಎಂದ.

* * *

ಮರುದಿನ ಬಿಸಿಲೇರುವ ಮೊದಲೇ ಇಬ್ಬರೂ ಹೊರಟರು. ಅಂಬಿಕಾ ಬಾಗಿಲಲ್ಲಿ ನಿಂತಿದ್ದಳು.

"ಮೊದಲ ಎಲ್ಲಿಗೆ?" ಎಂದು ಕೇಳಿದ ಶಿವಪ್ರಸಾದ.

"ದೂರದ್ದ ಮೊದಲ. ಜವಳಗೇರಾ."

ಶಿವಪ್ರಸಾದ ಹಿಂದೆ ಕೂತು ಹೆಗಲ ಟವೆಲನ್ನು ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಸುತ್ತಿಕೊಂಡ. ಮಂಜೂರ್ ಗಾಡಿ ಚಾಲೂ ಮಾಡಿದವನು, ಕನ್ನಡಿಯಲ್ಲಿ ಅದನ್ನು ನೋಡಿ ಬಂದ್ ಮಾಡಿದ.

"ಅದನ್ನ ತಗೀರಿ ಅಣ್ಣಾರ. ಮಾರಿ ಕಾಣ್ಲಿ."