ಯಾರೂ ಓದದ ಹಾಳೆಗಳು

ಈ ಪುಸ್ತಕಕ್ಕೆ ಅಲ್ಲಿಯವರೆಗೆ ನಾನು ತೆತ್ತಿದ್ದು ಎರಡು ಹಲ್ಲು, ಹದಿನೇಳು ವರ್ಷದ ನೌಕರಿ, ಎಡಗೈಯ ಒಂದು ಉಗುರು.

ಈಗ ಕುತ್ತಿಗೆಯ ಸರದಿ.

ಬಾಗಿಲಾಚೆ ಗೂಳಿ ನಿಂತಿದ್ದ. ನಮ್ಮ ಪಕ್ಕದ ಮನೆಯ ಗುರುಗಳ ಕಾವಲುಗಾರ. ಹೆಗಲು ನೋಡಿದರೆ ಆ ಅಡ್ಡಹೆಸರು ಯಾಕೆ ಬಂತೆಂದು ಯಾರೂ ಕೇಳುವುದಿಲ್ಲ. ಒಳಗೆ ನಾನು. ಮೊದಲ ಮಹಡಿಯ ಕೋಣೆ. ಗೋಡೆಯುದ್ದಕ್ಕೂ ಫೈಲುಗಳು...

ಸ್ವಲ್ಪ ಹಿಂದಕ್ಕೆ ಹೋಗೋಣ. ಉಸಿರಾಡಲು ನನಗೂ ಒಂದು ನಿಮಿಷ ಬೇಕು.

ನಾನು ನೀರಿನ ಇಲಾಖೆಯಲ್ಲಿ ಮೀಟರ್ ಇನ್ಸ್‌ಪೆಕ್ಟರ್ ಆಗಿದ್ದೆ. ಪಕ್ಕದ ದೊಡ್ಡ ಮನೆಗೆ ಗುರುಗಳು ಬಂದು ಕೂತರು. ದಿನಕ್ಕೆ ಮುನ್ನೂರು ಜನ ಬಂದು ಹೋಗುವ ಮನೆ. ಮೀಟರ್ ಮಾತ್ರ ಇಬ್ಬರ ಸಂಸಾರದ ನೀರು ತೋರಿಸುತ್ತಿತ್ತು! ಅಗೆದು ನೋಡಿದೆ. ಮೀಟರನ್ನು ತಪ್ಪಿಸಿ, ಗೋಡೆ ಹತ್ತಿ ಮೇಲಿನ ಟ್ಯಾಂಕಿಗೆ ಹೋಗುವ ಕಳ್ಳ ಪೈಪು. ರಿಪೋರ್ಟ್ ಬರೆದೆ. ಲಂಚ ಕೇಳಿದ್ದು ನಾನೇ ಎಂದು ಹೇಳಿ ನಮ್ಮ ಎಂಜಿನಿಯರ್ ಸಾಹೇಬರು ಮರುದಿನವೇ ನನ್ನನ್ನು ಮನೆಗೆ ಕಳಿಸಿದರು. ಹಲ್ಲು ಹೋದದ್ದು ಅದರ ಮುಂದಿನ ವಾರ, ಬಸ್ ಸ್ಟಾಪಿನಲ್ಲಿ, ಹರಿದ ಕಿವಿಯವನೊಬ್ಬನ ಗುಂಪಿನ ಕೈಯಲ್ಲಿ. ಉಗುರಿನ ಕತೆ ಬೇಡ.

ನಡೆದದ್ದನ್ನೆಲ್ಲ ಬರೆಯಲು ಕೂತೆ. ನಿಜವಾದ ಕತೆ, ಒಂದು ಸುಳ್ಳಿಲ್ಲ. ಪ್ರೆಸ್ಸಿನ ಯಜಮಾನ ಓದಿ ಹಾಳೆಗಳನ್ನು ನನ್ನತ್ತ ತಳ್ಳಿದ.

“ಪುರಾವೆ ತನ್ನಿ. ಇಲ್ಲಾಂದ್ರೆ ಬಸ್ ಸ್ಟಾಪಲ್ಲಿ ನಾನೂ ಹಲ್ಲು ಆರಿಸ್ಬೇಕಾಗತ್ತೆ.”

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಆದರೆ ನನ್ನ ಹೆಂಡತಿ ಅಲ್ಲಿಗೆ ಹೋಗತೊಡಗಿದಳು!

ದಿನಾ ಬೆಳಿಗ್ಗೆ ಹತ್ತಕ್ಕೆ. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು. ನನ್ನ ಜೊತೆ ಹೊರಡುವಾಗ ಅಷ್ಟು ಚೆನ್ನಾಗಿ ತಲೆ ಬಾಚಿಕೊಂಡವಳಲ್ಲ. ಅಲ್ಲೊಂದು ಪದ್ಧತಿ ಇತ್ತು. ಮನೆಗೆ ಹೊರಡುವ ಮುಂಚೆ ಪ್ರತಿಯೊಬ್ಬರೂ ಅಂದು ಕಣ್ಣಿಗೆ ಬಿದ್ದದ್ದು, ಮನಸ್ಸಿಗೆ ಬಂದದ್ದು ಎಲ್ಲವನ್ನೂ ಬರೆದು, ಗುರುಗಳ ಮೊಹರು, ತಾರೀಕು ಒತ್ತಿಸಿ, ತಮ್ಮ ಫೈಲಿಗೆ ಹಾಕಬೇಕು. ಮನಸ್ಸಿನ ಕೊಳೆ ಕಾಗದಕ್ಕೆ ಇಳಿಯುತ್ತದಂತೆ. ಓದಿದವರಿಗೆ ಅದು ಅಂಟಿಕೊಳ್ಳುತ್ತದಂತೆ. ಹಾಗಾಗಿ ಯಾರೂ ಓದುವುದಿಲ್ಲ. ಗುರುಗಳು ಕೂಡ.

ನನ್ನ ಜೊತೆ ದಿನಕ್ಕೆ ಎಂಟು ಮಾತಾಡದ ಹೆಂಗಸು ಅಲ್ಲಿ ಎರಡೆರಡು ಹಾಳೆ ಬರೆಯುತ್ತಾಳೆಂದು ಗೊತ್ತಾದಾಗ ಹೊಟ್ಟೆಗೆ ಕೆಂಡ ಬಿತ್ತು. ಏನು ಬರೆಯುತ್ತಾಳೆ? ಯಾರ ಬಗ್ಗೆ?

ಸಾಹೇಬರೂ ಅಲ್ಲಿನ ಶಿಷ್ಯರು. ಅವರದೂ ಒಂದು ಫೈಲು ಇದ್ದೇ ಇರುತ್ತದೆ, ಅದೇ ನನ್ನ ಪುರಾವೆ ಎಂದುಕೊಂಡೆ. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೂರುತ್ತಾರೆ. ಹಳೇ ಯೂನಿಫಾರಂ ಹಾಕಿ, ಹಳೇ ಚೀಲ ಹೆಗಲಿಗೇರಿಸಿ ಹೋದೆ. ಮೀಟರ್ ಓದುವವನ ಮುಖವನ್ನು ಯಾರೂ ನೋಡುವುದಿಲ್ಲ.

ಗೂಳಿಯೊಬ್ಬನನ್ನು ಬಿಟ್ಟು. ನಾನು ಫೈಲುಗಳ ಕೋಣೆ ಹೊಕ್ಕು ಚಿಲಕ ಹಾಕುವಷ್ಟರಲ್ಲಿ ಬಾಗಿಲಾಚೆ ಬಂದು ನಿಂತ.

“ಮೀಟರ್ ಹೊರಗಿದೆಯಲ್ಲಣ್ಣ,” ಅಂದ, ದನಿಗೆ ಬೆಣ್ಣೆ ಹಚ್ಚಿ. “ಒಳಗೇನ್ ಓದ್ತಿದೀಯ?”

“ಲೀಕೇಜ್ ನೋಡ್ತಿದೀನಿ.”

“ತಡಿ, ನಾನೂ ನೋಡ್ತೀನಿ.”

ಹೆಗಲು ಬಾಗಿಲಿಗೆ ಬಡಿಯಿತು. ಚಿಲಕದ ಒಂದು ಸ್ಕ್ರೂ ನೆಲಕ್ಕೆ ಬಿತ್ತು.

ಎಡಗಡೆ ಸಾಹೇಬರ ಫೈಲು. ಬಲಗಡೆ ಹೆಂಡತಿಯದು. ಕಿಟಕಿಯಿಂದ ಪೈಪು ಹಿಡಿದು ಇಳಿಯಲು ಎರಡೂ ಕೈ ಬೇಕು. ಚೀಲಕ್ಕೆ ಹಿಡಿಸುವುದು ಒಂದೇ.

ಬುದ್ಧಿ ನೆಟ್ಟಗಿರುವವನು ಯಾವುದನ್ನು ತೆಗೆಯುತ್ತಾನೆ, ನೀವೇ ಹೇಳಿ.

ನಾನು ಹೆಂಡತಿಯದನ್ನು ತುರುಕಿಕೊಂಡೆ!

ಬಾಗಿಲು ಬಿತ್ತು. ನನ್ನ ಕಾಲರ್ ಗೂಳಿಯ ಮುಷ್ಟಿಯಲ್ಲೇ ಉಳಿಯಿತು. ಯಾವುದನ್ನು ಕಳ್ಳ ಪೈಪೆಂದು ಬರೆದಿದ್ದೆನೋ ಅದೇ ನನ್ನನ್ನು ಕೆಳಗಿಳಿಸಿತು. ಕಾಂಪೌಂಡ್ ಹಾರಿದೆ, ಒಗೆದು ಹರವಿದ್ದ ಬಟ್ಟೆಗಳ ನಡುವೆ ನುಗ್ಗಿದೆ, ಹೊರಟ ಬಸ್ಸಿನ ಕಂಬಿ ಹಿಡಿದೆ. ಹಿಂದೆ ಗೂಳಿ ಸಿಗ್ನಲ್‌ವರೆಗೂ ಓಡಿ ಬಂದ... ಸಿಗ್ನಲ್ ಹಸಿರಾಗಿತ್ತು.

ಹಿಂದಿನ ಸೀಟಿನಲ್ಲಿ ಕೂತು ಫೈಲು ಬಿಚ್ಚಿದೆ. ಪ್ರೇಮಪತ್ರಕ್ಕೆ ಸಿದ್ಧನಾಗಿದ್ದೆ.

‘ಸೋಮವಾರ. ಎಂಜಿನಿಯರ್ ಖಾಲಿ ಚೀಲ ತಂದರು. ಗುರುಗಳ ಕೋಣೆಯಿಂದ ತುಂಬಿದ ಚೀಲ ಒಯ್ದರು.’ ಕೆಳಗೆ ಕಾರಿನ ನಂಬರು.

‘ಗುರುವಾರ. ನಮ್ಮವರ ಹಲ್ಲು ಮುರಿದವರು ಇಲ್ಲಿ ಊಟಕ್ಕೆ ಕೂತಿದ್ದರು. ಒಬ್ಬನ ಕಿವಿ ಹರಿದಿದೆ.’

ಆರು ತಿಂಗಳ ಹಾಳೆಗಳು! ಒಂದೊಂದರ ಮೇಲೂ ಗುರುಗಳದೇ ಮೊಹರು, ತಾರೀಕು.

ಒಂದು ಹಾಳೆಯಲ್ಲಿ ನಾನೂ ಇದ್ದೆ. ‘ಮನೆಯಲ್ಲಿ ಒಬ್ಬರು ನಿಜವಾದ ಕತೆ ಬರೆಯುತ್ತಿದ್ದಾರೆ. ನನ್ನನ್ನು ಏನೂ ಕೇಳಿಲ್ಲ.’

ಅದನ್ನು ಎರಡು ಸಲ ಓದಿದೆ.

ಪ್ರೆಸ್ಸಿನ ಯಜಮಾನ ನಿಂತಲ್ಲೇ ಫೈಲು ಓದಿ ಮುಗಿಸುವ ಹೊತ್ತಿಗೆ ಅವಳು ಬಾಗಿಲಲ್ಲಿದ್ದಳು. ಗಲಾಟೆಯಲ್ಲಿ ನುಸುಳಿ, ನಾನು ಇಲ್ಲಿಗೇ ಬರುತ್ತೇನೆಂದು ಊಹಿಸಿ ಬಂದಿದ್ದಳು. ನನಗೆ ಯಾಕೆ ಹೇಳಲಿಲ್ಲ ಎಂದೆ.

“ಹೇಳಿದ್ರೆ ಅವತ್ತೇ ನುಗ್ಗಿ ಕೆಲಸ ಕೆಡಿಸ್ತಿದ್ರಿ. ಅದಿರಲಿ, ಸಾಹೇಬ್ರ ಫೈಲ್ ಬಿಟ್ಟು ನಂದ್ಯಾಕ್ ತಂದ್ರಿ?”

ನನ್ನ ಮುಖವೇ ಗುಟ್ಟು ಬಿಟ್ಟುಕೊಟ್ಟಿತು. ಆರು ತಿಂಗಳಲ್ಲಿ ಮೊದಲ ಸಲ ಅವಳು ನಕ್ಕಳು.

“ಒಳ್ಳೇದಾಯ್ತು ಬಿಡಿ. ಅದನ್ನ ನಾನು ಕದ್ದು ಓದಿದೀನಿ. ಬರೀ ಬೆನ್ನುನೋವಿನ ಪುರಾಣ.”

ಗುರುಗಳು, ಸಾಹೇಬರು ಈಗ ಒಂದೇ ಜೈಲಿನಲ್ಲಿದ್ದಾರೆ. ಪುಸ್ತಕವೂ ಬಂತು. ನನ್ನ ಮುನ್ನೂರು ಹಾಳೆ ಬದಿಗಿಟ್ಟು ಯಜಮಾನ ಅವಳ ಹಾಳೆಗಳನ್ನು ಇದ್ದ ಹಾಗೇ ಅಚ್ಚು ಹಾಕಿದ. ಮುಖಪುಟದಲ್ಲಿ ಅವಳ ಫೋಟೋ. ಓದುಗರು ಮನೆಗೆ ಬರುತ್ತಾರೆ, ಛತ್ರಿ ನನ್ನ ಕೈಗೆ ಕೊಟ್ಟು ಅವಳನ್ನು ಕೇಳುತ್ತಾರೆ. ಹೊಟ್ಟೆಯ ಕೆಂಡ ಇನ್ನೂ ಆರಿಲ್ಲ.

ನೌಕರಿ ವಾಪಸ್ ಸಿಕ್ಕಿತು. ಹೆಂಡತಿ ವಾಪಸ್ ಸಿಕ್ಕಳು. ಹೋದದ್ದು ಎರಡು ಹಲ್ಲು, ಮುನ್ನೂರು ಹಾಳೆ.

ಹಲ್ಲು ಕಟ್ಟಿಸಿಕೊಂಡೆ. ಹಾಳೆಗಳನ್ನು ಅವಳು ಇನ್ನೂ ಓದಿಲ್ಲ.