ಒಂದು ಬಿಟ್ಟು ಒಂದು ಸಾಲು

ನೆಟ್ಟ ಇಪ್ಪತ್ತೆರಡನೆಯ ದಿನ ಆಲೂಗಡ್ಡೆಯ ಮೊಳಕೆ ಮೇಲೆ ಬಂತು. ಒಂದು ಸಾಲು ಹಸಿರು. ಪಕ್ಕದ ಸಾಲು ಬರೀ ಮಣ್ಣು. ಅದರಾಚೆ ಹಸಿರು, ಅದರಾಚೆ ಮತ್ತೆ ಮಣ್ಣು. ಹದಿನಾರು ಸಾಲಿನ ಹೊಲದಲ್ಲಿ ಎಂಟು ಸಾಲು ಹುಟ್ಟಲೇ ಇಲ್ಲ.

ತೋಟದ ಮ್ಯಾನೇಜರು ಬದುವಿನ ಮೇಲೆ ನಿಂತು ಖಾಲಿ ಸಾಲುಗಳ ಬೋದುಮಣ್ಣನ್ನು ಬಗೆಸಿದರು. ಒಳಗೆ ಏನೂ ಇಲ್ಲ. ಕೊಳೆತ ಗಡ್ಡೆಯಿಲ್ಲ, ಹುಳ ತಿಂದುಳಿದ ಸಿಪ್ಪೆಯಿಲ್ಲ. ಬೀಜ ಮಣ್ಣಿಗೆ ಬಿದ್ದ ಗುರುತೇ ಇಲ್ಲ.

ಸುದ್ದಿ ಶೆಡ್ಡಿಗೆ ಬಂದಾಗ ಡ್ರೈವರು ನೆಡುವ ಯಂತ್ರದ ಕೆಳಗೆ ಮಲಗಿ ಗ್ರೀಸು ತುಂಬುತ್ತಿದ್ದ. ಸುದ್ದಿಯ ಹಿಂದೆಯೇ ಮ್ಯಾನೇಜರ ಬೂಟು ಬಂತು.

"ಏಳಯ್ಯ ಮೇಲೆ. ಎಡಗಡೆ ಸರಪಳಿಗೆ ತಂತಿ ಸುತ್ತಿದ್ದು ಯಾರು?"

"ನಾನೇ ಸಾರ್."

"ಯಾವಾಗ?"

"ಆ ಹೊಲ ನೆಡೋ ಹಿಂದಿನ ದಿನ. ಒಂದು ಕೊಂಡಿ ಬಿಟ್ಟಿತ್ತು. ಹೊಸದು ಬರೋವರೆಗೆ ಇರಲಿ ಅಂತ—"

"ಬಂತಾ ಹೊಸದು?"

"ಇನ್ನೂ ಇಲ್ಲ."

"ಅಂದ್ರೆ ಎಡಗಡೆ ಸಾಲಿಗೆಲ್ಲ ಗಾಳಿ ನೆಟ್ಟಿದ್ದೀಯ!"

ಡ್ರೈವರು ಗ್ರೀಸಿನ ಕೈ ಒರೆಸಿಕೊಂಡ. ಮೂವತ್ತೊಂದು ವರ್ಷದಿಂದ ಅವನು ಆಲೂಗಡ್ಡೆ ನೆಡುವ ಯಂತ್ರ ಓಡಿಸುತ್ತಿದ್ದಾನೆ. ಟ್ರಾಕ್ಟರಿನ ಬೆನ್ನಿಗೆ ಕಟ್ಟುವ ಯಂತ್ರ ಅದು. ಒಂದು ಓಟಕ್ಕೆ ಎರಡು ಸಾಲು ನೆಡುತ್ತದೆ. ಹಿಂದೆ ಎರಡು ಸೀಟು. ಎಡಕ್ಕೊಬ್ಬರು, ಬಲಕ್ಕೊಬ್ಬರು ಕೂತು, ಸುತ್ತಿ ಬರುವ ಬಟ್ಟಲುಗಳಿಗೆ ಒಂದೊಂದೇ ಬೀಜದ ಗಡ್ಡೆ ಹಾಕುತ್ತ ಹೋಗಬೇಕು. ಬಟ್ಟಲು ಮಗುಚಿದಾಗ ಗಡ್ಡೆ ಕೊಳವೆಯಲ್ಲಿಳಿದು ಮಣ್ಣು ಸೇರುತ್ತದೆ. ಸರಪಳಿ ನಿಂತರೆ ಆ ಕಡೆಯ ಬಟ್ಟಲೂ ನಿಂತಂತೆ. ತಂತಿ ಸುತ್ತಿದ ಆ ಕೊಂಡಿ ಅವನ ಎದೆಯಲ್ಲಿ ಮುಳ್ಳಾಗಿ ಕೂತು ದಿನ ಇಪ್ಪತ್ತೆರಡು ಆಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮ್ಯಾನೇಜರು ಬಾಯಿ ಬಿಡುವ ಮೊದಲೇ ಅವನು ತಾನೇ ಅಪರಾಧಿ ಎಂದುಕೊಂಡಿದ್ದ.

ಎಡಸೀಟಿನವಳನ್ನು ಕರೆಸಿದರು. ಅವಳು ಡ್ರೈವರನ ನಾದಿನಿ, ಹೆಂಡತಿಯ ಒಡಹುಟ್ಟಿದ ತಂಗಿ. ಹೋದ ಸಲದ ಬಿತ್ತನೆಯಿಂದ ಒಂದು ಕಾಲು ಕುಂಟುತ್ತಿದ್ದಳು.

"ಸರಪಳಿ ನಿಂತಿತ್ತೇನಮ್ಮ?"

"ಇಲ್ಲ ಸಾರ್. ನಿಂತಿದ್ರೆ ಕೂಗ್ತಿದ್ದೆ."

"ನಿದ್ದೆ ಮಾಡಿದ್ಯಾ?"

"ಆ ಕುಲುಕಾಟದಲ್ಲಿ ಹೆಣಕ್ಕೂ ನಿದ್ದೆ ಬರಲ್ಲ ಸಾರ್."

"ಎಂಟು ಚೀಲ ಬೀಜ ಹೊಲಕ್ಕೆ ಹೋಯ್ತು. ಎಷ್ಟು ವಾಪಸ್ ಬಂತು?"

"ಎಂಟೂ ಖಾಲಿ ಬಂತು."

"ಹಾಗಾದ್ರೆ ನಾಲ್ಕು ಚೀಲದ ಬೀಜ ಎಲ್ಲಿ? ಮಣ್ಣಲ್ಲಿಲ್ಲ, ಚೀಲದಲ್ಲಿಲ್ಲ. ನಿನ್ನ ಮಡಿಲಲ್ಲಿ ಹೋಯ್ತಾ?"

ಅವಳು ಭಾವನ ಮುಖ ನೋಡಿದಳು. ಭಾವ ನೆಲ ನೋಡಿದ.

ಮ್ಯಾನೇಜರ ತೀರ್ಮಾನ ಚುಟುಕಾಗಿತ್ತು. ಅದು ಮೇಲಿನವರು ಕಳಿಸಿದ ಹೊಸ ತಳಿಯ ಬೀಜ. ಇನ್ನು ಈ ವರ್ಷ ಸಿಗುವುದಿಲ್ಲ. ಸಂಜೆ ಐದಕ್ಕೆ ವರದಿ ಹೋಗಬೇಕು, ಅದರಲ್ಲಿ ಕಳ್ಳರ ಹೆಸರಿರಬೇಕು. ಒಬ್ಬರು ಒಪ್ಪಿಕೊಂಡರೆ ಒಂದು ಹೆಸರು, ಇಲ್ಲದಿದ್ದರೆ ಭಾವ ನಾದಿನಿ ಇಬ್ಬರದೂ. ಹೆಸರು ಹೋದವರಿಗೆ ಕೆಲಸವಿಲ್ಲ, ಆಳುಗಳ ಸಾಲುಮನೆಯಲ್ಲಿ ಜಾಗವಿಲ್ಲ, ಸುತ್ತಲಿನ ಯಾವ ತೋಟದಲ್ಲೂ ಕೂಲಿಯಿಲ್ಲ.

ಮಧ್ಯಾಹ್ನ ಡ್ರೈವರು ಮನೆಗೆ ಬಂದ. ಅವನದು ಸಾಲುಮನೆಗಳಲ್ಲಿ ಕೊನೆಯದು. ಹಿತ್ತಲ ಬೇಲಿ ದಾಟಿದರೆ ಅದೇ ಹೊಲ. ಆದರೂ ಬೆಳಗಿನಿಂದ ಅವನು ಅತ್ತ ಮುಖ ಹಾಕಿರಲಿಲ್ಲ. ಹೋಗಿ ನೋಡುವುದಕ್ಕೆ ಧೈರ್ಯ ಸಾಲಲಿಲ್ಲ.

"ನನ್ನದೇ ತಪ್ಪು ಅಂತ ಬರೆದುಕೊಡ್ತೀನಿ," ಅಂದ.

ಹೆಂಡತಿ ಅನ್ನ ಬಡಿಸುತ್ತಿದ್ದಳು. "ಬರೆದುಕೊಡಿ. ಮಿಷನ್ ಕೆಟ್ಟಿತ್ತು ಅಂತ ಬರೀರಿ. ನಿಮ್ಮನ್ನ ಅದರಿಂದ ಇಳಿಸಿ ಗೋಡೌನಿಗೆ ಹಾಕ್ತಾರೆ, ಅಷ್ಟೇ ತಾನೇ?"

"ಅಷ್ಟೇ ಅಲ್ವೇ. ಕಳ್ಳತನ ಅಂತಿದ್ದಾರೆ. ನಿನ್ನ ತಂಗಿ ಮೇಲೆ ಬಂದಿದೆ."

ಸೌಟು ತಟ್ಟೆಯಂಚಿಗೆ ತಾಗಿ ನೆಲಕ್ಕೆ ಬಿತ್ತು. "ಅವಳ ಮೇಲಾ? ಅವಳ ಮೇಲೆ ಯಾಕೆ?"

"ಎಡಸೀಟು ಅವಳದು ತಾನೇ?"

ಅವಳು ಸೌಟು ಎತ್ತಿಕೊಳ್ಳಲಿಲ್ಲ. ಹಿತ್ತಲ ಬಾಗಿಲಿನಿಂದ ಕೊಳೆತ ವಾಸನೆಯೊಂದು ಬಂತು. ಅವನು ಮೂಗು ಸಿಂಡರಿಸಿದ. "ಚರಂಡಿ ಇನ್ನೂ ಬಿಡಿಸಿಲ್ವೇನೆ?"

"ಬಿಡಿಸ್ತೀನಿ," ಅಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ಚೀಲದಜ್ಜಿ. ಗೋಡೌನಿನ ಮೂಲೆಯಲ್ಲಿ ಕೂತು ಹರಿದ ಚೀಲ ಹೊಲಿಯುವ ಮುದುಕಿ. ಅದಕ್ಕೂ ಮುಂಚೆ ಹತ್ತೊಂಬತ್ತು ವರ್ಷ ಇದೇ ಯಂತ್ರದ ಬಲಸೀಟಿನಲ್ಲಿ ಕೂತು ಸೊಂಟ ಕಳೆದುಕೊಂಡವಳು.

"ಊಟ ಮಾಡಿದ್ದು ಸಾಕು, ಏಳು ಮಗಾ," ಅಂದಳು. "ಹೊಲ ನೋಡಿದ್ಯಾ?"

"ಏನು ನೋಡೋದು ಅಜ್ಜಿ? ಒಂದು ಬಿಟ್ಟು ಒಂದು ಸಾಲು ಹೋಗಿದೆ ಅಂತ ಎಲ್ಲರೂ ಹೇಳ್ತಿದ್ದಾರೆ."

"ಎಲ್ಲರೂ ಹೇಳ್ತಿದ್ದಾರೆ. ನೀನು ಅದನ್ನ ಸರಿಯಾಗಿ ಕೇಳಿಸಿಕೊಂಡ್ಯಾ?"

ಬೇಲಿ ದಾಟಿ ಇಬ್ಬರೂ ಹೊಲದಂಚಿಗೆ ಹೋದರು. ಅಜ್ಜಿ ಕೋಲಿನಿಂದ ಒಂದೊಂದೇ ಸಾಲು ತೋರಿಸುತ್ತ ನಡೆದಳು. ಒಂದು, ಹಸಿರು. ಎರಡು, ಮಣ್ಣು. ಮೂರು, ಹಸಿರು. ನಾಲ್ಕು, ಮಣ್ಣು.

"ಮೊದಲನೇ ಓಟ ಎಲ್ಲಿಂದ ಹಿಡಿದೆ?"

"ಇಲ್ಲಿಂದಲೇ. ಆಚೆ ತುದಿಗೆ ಹೋದೆ."

"ತುದೀಲಿ?"

"ನಿಲ್ಲಿಸಿದೆ. ಸೀಟಿನ ಇಬ್ಬರೂ ಇಳಿದರು. ಮಿಷನ್ ಎತ್ತಿ ಬಲಕ್ಕೆ ತಿರುಗಿಸಿ, ಇಳಿಸಿ, ಪಕ್ಕದಲ್ಲೇ ಈ ಕಡೆಗೆ ನೆಟ್ಟುಕೊಂಡು ಬಂದೆ."

"ಬರುವಾಗ ಖಾಲಿ ಬರಲಿಲ್ವಲ್ಲ?"

"ಎಲ್ಲಾದ್ರೂ ಉಂಟೇ ಅಜ್ಜಿ? ಎಣ್ಣೆ ಯಾರಪ್ಪನ ಮನೇದು?"

ಅಜ್ಜಿ ತನ್ನೆರಡು ಚಪ್ಪಲಿ ಕಳಚಿ ಬದುವಿನ ಮೇಲೆ ಜೋಡಿಯಾಗಿ ಇಟ್ಟಳು. "ಇದು ನಿನ್ನ ಮಿಷನ್ನು. ಎಡದ್ದು ನಿನ್ನ ನಾದಿನಿ, ಬಲದ್ದು ಪೈಲ್ವಾನ." ಪೈಲ್ವಾನನೆಂದರೆ ಈಗಿನ ಬಲಸೀಟಿನವನು, ಗಾಳಿ ಬಂದರೆ ಹಾರಿಹೋಗುವಂಥ ಕಡ್ಡಿ ದೇಹ. "ಹೋಗೋವಾಗ ಒಂದನೇ ಸಾಲು ಯಾರದು?"

"ಎಡದ್ದು. ನಾದಿನೀದು."

"ಎರಡನೇದು?"

"ಪೈಲ್ವಾನಂದು."

ಅಜ್ಜಿ ಜೋಡಿಯನ್ನು ಮುಂದಕ್ಕೊಯ್ದು, ಬಲಕ್ಕೆ ಸರಿಸಿ, ಮುಖ ತಿರುಗಿಸಿದಳು. "ಈಗ ನೋಡು. ಮೂರನೇದು ಯಾರದು?"

ಡ್ರೈವರು ಬಗ್ಗಿ ಚಪ್ಪಲಿಗಳನ್ನೇ ನೋಡಿದ. ಬಲದ ಚಪ್ಪಲಿ ಹಳೆಯ ಸಾಲಿನ ಪಕ್ಕಕ್ಕೇ ಬಂದು ಕೂತಿತ್ತು.

"ಮೂರನೇದೂ ಪೈಲ್ವಾನಂದೇ!" ಅಂದ. "ನಾಲ್ಕನೇದು ಅವಳದು. ಮತ್ತೆ ತಿರುಗಿದ ಮೇಲೆ ಐದನೇದೂ ಅವಳದೇ."

"ಹೌದಾ? ಎಡಗಡೆ ಸರಪಳಿ ಕೈಕೊಟ್ಟಿದ್ರೆ ಮೊದಲನೇ ಸಾಲು ಖಾಲಿ ಹೋಗಬೇಕಿತ್ತು. ಆಮೇಲೆ ನಾಲ್ಕು-ಐದು ಜೋಡಿ, ಎಂಟು-ಒಂಬತ್ತು ಜೋಡಿ. ಒಂದು ಕಡೆ ಕೆಟ್ಟ ಮಿಷನ್ನು ಅಕ್ಕಪಕ್ಕ ಎರಡೆರಡೇ ಸಾಲು ತಿನ್ನುತ್ತೆ ಮಗಾ. ಒಂದು ಬಿಟ್ಟು ಒಂದು ತಿನ್ನಲ್ಲ. ಈ ಹೊಲ ನೋಡಿದ್ರೆ ಹೋಗುವಾಗ ಪೈಲ್ವಾನ ಕದ್ದ, ಬರುವಾಗ ನಿನ್ನ ನಾದಿನಿ ಕದ್ದಳು. ಪಾಳಿ ಹಾಕಿಕೊಂಡು ಕದಿಯೋ ಕಳ್ಳರನ್ನ ನೀನು ಕಂಡಿದ್ದೀಯಾ?"

ಡ್ರೈವರು ಬದುವಿನ ಮೇಲೆ ಕೂತ. ಇಪ್ಪತ್ತೆರಡು ದಿನದ ಮುಳ್ಳು ಒಂದು ಗಳಿಗೆ ಕಿತ್ತು ಬಂದಂತಾಯಿತು.

"ಹಾಗಾದ್ರೆ ಬೀಜ ಬಿದ್ದಿತ್ತು."

"ಎಂಟು ಚೀಲದ್ದೂ ಬಿದ್ದಿತ್ತು. ಅವತ್ತೇ ಖಾಲಿ ಚೀಲ ಹೊಲಿದವಳು ನಾನು. ಬಿದ್ದಿದ್ದನ್ನ ಆಮೇಲೆ ಯಾರೋ ಕೈಯಿಂದ ಬಗೆದು ತೆಗೆದು, ಮಣ್ಣು ಮುಚ್ಚಿ, ಮೇಲೆ ತಟ್ಟಿದ್ದಾರೆ. ಎರಡು ಮಳೆ ಬಿದ್ದು ಗುರುತು ಅಳಿಸಿಹೋಗಿದೆ. ಮಿಷನ್ ಮೇಲೆ ಹೋಗಲಿ ಅಂತಲೇ ಸಾಲು ಬಿಟ್ಟು ಸಾಲು ತೆಗೆದಿದ್ದಾರೆ."

"ಯಾರು ಅಜ್ಜಿ?"

"ಈ ತೋಟದಲ್ಲಿ ಕೂಲಿ ಮಾಡಿದವರೆಲ್ಲ ಒಂದಲ್ಲ ಒಂದು ದಿನ ಹೊಲದ ತುದೀಲಿ ನಿಂತು ಮಿಷನ್ ತಿರುಗೋದು ನೋಡಿದವರೇ. ಅವರು ಕಳ್ಳಲೆಕ್ಕ ಹಾಕಿದ್ರೆ ಜೋಡಿ ಜೋಡಿ ತೆಗೀತಿದ್ರು. ನೋಡದೇ ಇರೋರು ಇಬ್ಬರೇ. ಒಬ್ಬ ಮ್ಯಾನೇಜರು. ನೆಡೋ ದಿನ ಜಗುಲಿ ಇಳಿದರೆ ಬೂಟು ಮಣ್ಣಾಗುತ್ತೆ ಅವರಿಗೆ. ಆದ್ರೆ ತಂತಿ ಸುತ್ತಿದ ಕೊಂಡಿ ವಿಷಯ ಅವರಿಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ. ಅದಕ್ಕೆ ಮುಂಚೆ, ಕೂಲಿಗೆ ಬಾರದೆ ಮನೇಲೇ ಇರೋ ಯಾರಿಗೆ ನೀನು ಹೇಳಿದ್ದೆ?"

ಡ್ರೈವರು ಊಟಕ್ಕೆ ಕೂತಾಗ ಒಂದೇ ಒಂದು ಸಲ ಹೇಳಿದ್ದ. ಒಬ್ಬಳಿಗೇ ಹೇಳಿದ್ದ.

"ನಿನ್ನ ಹಿತ್ತಲಲ್ಲಿ ನಾರುತ್ತಿರೋದು ಚರಂಡಿಯಲ್ಲ ಮಗಾ," ಅಂದಳು ಅಜ್ಜಿ, ಮೆಲ್ಲಗೆ. "ಆಲೂಗಡ್ಡೆ ಕೊಳೆತ ವಾಸನೆ ನನ್ನ ಮೂಗಿಗೆ ಗೊತ್ತಿಲ್ಲದೆ ಇರುತ್ತಾ? ನಿನ್ನ ಮೂಗಿಗೂ ಗೊತ್ತು."

ಅವನು ಹಿಂತಿರುಗಿದ. ಬೇಲಿಯ ಬಳಿ ಹೆಂಡತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನೀನಾ?"

"ನಾನೇ." ದನಿ ನಡುಗಲಿಲ್ಲ. "ನೆಟ್ಟ ಮಾರನೇ ದಿನದಿಂದ ಹತ್ತು ಮಧ್ಯಾಹ್ನ. ಕಳೆ ಕೀಳೋ ಹಾಗೆ ಬುಟ್ಟಿ ಹಿಡ್ಕೊಂಡು ಹೋಗ್ತಿದ್ದೆ. ನಮ್ಮ ಬಟ್ಟೆ ಒಗೆಯೋ ಕಲ್ಲಿನ ಹಿಂದೆ ಗುಂಡಿ ತೋಡಿದ್ದೆ. ಆಮೇಲೆ ವಾಪಸ್ ಹಾಕೋಣ ಅಂತಿದ್ದೆ. ನೀರು ನಿಂತು ಎಲ್ಲ ಕೊಳೆತುಹೋಯ್ತು."

"ಯಾಕೆ? ನನ್ನ ಅನ್ನಕ್ಕೆ ಮಣ್ಣು ಹಾಕೋಕಾ?"

"ನನ್ನ ತಂಗಿ ಕಾಲು ಮುರಿದಿದ್ದು ಯಾರು ರೀ? ಅವಳು ಇಳಿಯೋಕೆ ಮುಂಚೆ ಮಿಷನ್ ಎತ್ತಿದ್ದು ಯಾರು?"

"ಇಳಿದಳು ಅಂದ್ಕೊಂಡೆ."

"ಅಂದ್ಕೊಂಡ್ರಿ. ಕಾಣಿಸ್ತಾ? ಬೇಲಿ ಹತ್ರ ನಾನು ನಿಂತಿರೋದು ನಿಮಗೆ ಕಂಡಿದ್ದು ಈಗ. ಅಜ್ಜಿಗೆ ಆಗಲೇ ಕಂಡಿತ್ತು. ಕಣ್ಣು ತೋರಿಸ್ಕೊಳ್ಳಿ ಅಂತ ಮೂರು ಸಲ ಹೇಳಿದೆ, ನಕ್ಕುಬಿಟ್ರಿ. ಮ್ಯಾನೇಜರಿಗೆ ಹೇಳಿದೆ, ನಿನ್ನ ಗಂಡನಷ್ಟು ನೆಟ್ಟಗೆ ಸಾಲು ಹೊಡೆಯೋನು ಇನ್ನೊಬ್ಬನಿಲ್ಲ, ಹೋಗಮ್ಮ ಅಂದ್ರು. ಮುಂದಿನ ಸಲ ಕಾಲಲ್ಲ, ತಲೆ ಹೋಗುತ್ತೆ. ಅವಳ ತಲೆ. ಮಿಷನ್ ಕೆಟ್ಟಿದೆ, ಓಡಿಸೋನಿಗೆ ವಯಸ್ಸಾಗಿದೆ ಅಂತ ನಿಮ್ಮನ್ನ ಇಳಿಸ್ತಾರೆ ಅಂದ್ಕೊಂಡೆ." ಈಗ ಅವಳ ದನಿ ಒಡೆಯಿತು. "ಅವಳ ಮೇಲೆ ಬರುತ್ತೆ ಅಂತ ನನಗೇನು ಗೊತ್ತಿತ್ತು?"

ಮೂವರೂ ಆಫೀಸಿಗೆ ಹೊರಟರು. ಅಜ್ಜಿಯ ನಡಿಗೆಗೆ ಕಾದು ಕಾದು ಹೋಗುವಷ್ಟರಲ್ಲಿ ನಾಲ್ಕು ದಾಟಿತ್ತು. ಮ್ಯಾನೇಜರು ಮೇಜಿನ ಮುಂದೆ ಚಹಾ ಕುಡಿಯುತ್ತಿದ್ದರು. ಅಜ್ಜಿ ಚಪ್ಪಲಿಗಳನ್ನು ನೆಲದ ಮೇಲಿಟ್ಟು ಮತ್ತೊಮ್ಮೆ ಎಲ್ಲ ವಿವರಿಸಿದಳು. ಹೆಸರೊಂದನ್ನು ಮಾತ್ರ ಬಿಟ್ಟಳು.

ಮ್ಯಾನೇಜರು ಬೂಟಿನ ತುದಿಯಿಂದ ಚಪ್ಪಲಿಯ ಜೋಡಿಯನ್ನು ತಾವೂ ಒಮ್ಮೆ ತಿರುಗಿಸಿ ನೋಡಿದರು. "ಲೆಕ್ಕ ಸರಿಯಾಗಿದೆ ಅಜ್ಜಿ. ನನಗೆ ಹೊಳೆದಿರಲಿಲ್ಲ."

"ಹಾಗಾದ್ರೆ ಎಡಸೀಟಿನವಳದು ತಪ್ಪಿಲ್ಲ ಅಂತ ಬರೀರಿ," ಅಂದಳು ಅಜ್ಜಿ.

"ಎರಡು ಗಂಟೆಗೇ ಬಂದಿದ್ದಳು. ಭಾವನ ಹೆಸರು ಹಾಕಬೇಡಿ, ನಾನೇ ತಗೊಂಡೆ ಅಂತ ಹೆಬ್ಬೆಟ್ಟು ಒತ್ತಿದಳು. ಮೂರೂವರೆ ಬಸ್ಸಿಗೆ ಗಂಟು ಕಟ್ಟಿಕೊಂಡು ಹೋದಳು. ಹೆಸರು ಸಿಕ್ಕಿತಲ್ಲ, ಐದರವರೆಗೆ ಕಾಯಲಿಲ್ಲ, ಅದೇ ಬಸ್ಸಿನಲ್ಲಿ ವರದಿಯೂ ಹೋಯ್ತು."

"ಎಲ್ಲಿಗೆ ಹೋದಳು?" ಅಕ್ಕ ಕೇಳಿದಳು.

"ಹೇಳಲಿಲ್ಲ."

"ಸಾರ್, ಬೀಜ ತೆಗೆದಿದ್ದು—"

"ಬೇಡಮ್ಮ." ಅವರು ಲೋಟ ಕೆಳಗಿಟ್ಟರು. ಅವರ ಕಣ್ಣು ಅವಳ ಉಗುರಿನ ಸಂದಿಯಲ್ಲಿ ಇನ್ನೂ ಬಿಡದ ಮಣ್ಣಿನ ಕಲೆಯ ಮೇಲಿತ್ತು. "ಇನ್ನೊಂದು ಹೆಸರು ಹೇಳಿದ್ರೆ ಮೊದಲನೇದು ಅಳಿಸಲ್ಲ. ಇಬ್ಬರು ಸೇರಿ ಕದ್ದರು ಅಂತಾರೆ ಮೇಲಿನವರು. ಇನ್ನೊಂದು ಮನೆ ಖಾಲಿ ಮಾಡಿಸ್ಬೇಕು. ನನಗೆ ಡ್ರೈವರ್ ಬೇಕು. ಕೆಳಗಿನ ಹೊಲ ಇನ್ನೂ ನೆಟ್ಟಿಲ್ಲ."

"ನನ್ನ ಕಣ್ಣು ಸರಿಯಿಲ್ಲ ಸಾರ್," ಅಂದ ಡ್ರೈವರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅಂದ.

"ಬಿತ್ತನೆ ಮುಗೀಲಿ. ಆಮೇಲೆ ನೋಡೋಣ. ಸಾಲು ನೆಟ್ಟಗೆ ಬರುತ್ತಲ್ಲ, ಅಷ್ಟು ಸಾಕು." ಅವರು ಹೆಂಡತಿಯ ಕಡೆ ತಿರುಗಿದರು. "ಎಡಸೀಟು ಖಾಲಿಯಿದೆ. ಸಾಲುಮನೇಲಿ ಇರೋರು ಕೆಲಸಕ್ಕೆ ಆಳು ಕೊಡಬೇಕು. ನಾಳೆಯಿಂದ ನೀನು ಕೂತ್ಕೋ."

ಮರುದಿನ ಬೆಳಿಗ್ಗೆ ಕೆಳಗಿನ ಹೊಲದಲ್ಲಿ ಯಂತ್ರ ಇಳಿಯಿತು. ಬಲಕ್ಕೆ ಪೈಲ್ವಾನ, ಎಡಕ್ಕೆ ಅವಳು. ಮೊದಲ ಓಟದ ತುದಿಯಲ್ಲಿ ಡ್ರೈವರು ಇಂಜಿನ್ನು ಆರಿಸಿದ.

"ಇಳಿದ್ಯೇನೆ?"

"ಇಳಿದೆ ರೀ. ಎತ್ತಿ."

ಮತ್ತೆ ಇಂಜಿನ್ನು ಶುರು ಮಾಡಿ ಎತ್ತಿದ, ತಿರುಗಿಸಿದ, ಇಳಿಸಿದ. ಅವಳು ಹತ್ತಿ ಕೂತು ಅತ್ತಿತ್ತ ನೋಡಿದಳು. ತಾನು ಈಗಷ್ಟೇ ನೆಟ್ಟ ಸಾಲು ಪೈಲ್ವಾನನ ಆಚೆಗೆ ಹೋಗಿತ್ತು. ಅವಳ ಪಕ್ಕದಲ್ಲಿ ನೆಡದ ಬರಿ ಹೊಲವಿತ್ತು.

ಜಗುಲಿಯಿಂದ ಮ್ಯಾನೇಜರ ಕೂಗು ಬಂತು: "ತುದಿ ತುದೀಲಿ ಇಂಜಿನ್ ಆರಿಸಬೇಡಯ್ಯ! ಬ್ಯಾಟರಿ ಮೊದಲೇ ಸತ್ತಿದೆ. ನಿಂತುಹೋದ್ರೆ ನೂಕೋರು ಯಾರು?"

ಎರಡನೆಯ ತಿರುವಿನಲ್ಲಿ ಅವನು ಇಂಜಿನ್ನು ಆರಿಸಲಿಲ್ಲ. "ಇಳಿದ್ಯಾ?" ಎಂದು ಕೂಗಿದ. ಇಂಜಿನ್ನಿನ ಸದ್ದಿನಲ್ಲಿ ತನ್ನ ಕೂಗು ತನಗೇ ಕೇಳಿಸಲಿಲ್ಲ. ಕತ್ತು ಪೂರ್ತಿ ಹಿಂದಕ್ಕೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದ. ಧೂಳಿನೊಳಗೆ ಎಡಗಡೆ ಏನೋ ಬೆಳ್ಳಗೆ ಕಂಡಿತು. ಬೀಜದ ಚೀಲವೋ, ಅವಳೋ. ಇನ್ನೊಮ್ಮೆ ಕೂಗಿದ. ಜಗುಲಿಯಿಂದ ಯಾರೋ ಬೇಗ ಬೇಗ ಎಂದು ಕೈ ಬೀಸುತ್ತಿದ್ದರು. ಅವನು ಯಂತ್ರ ಎತ್ತುವ ಹಿಡಿಯ ಮೇಲೆ ಕೈಯಿಟ್ಟ.